ಒಡಲು ಅದೇ, ಒಳಗಿನದು ಬೇರೆ: ‘ಪ್ರಾಜೆಕ್ಟ್ 15’ ಕ್ಷಿಪಣಿ ಹಡಗುಗಳ ನಲವತ್ತು ವರ್ಷ

ಕೊಯಮತ್ತೂರಿನವರು ಸಮುದ್ರ ನೋಡಬೇಕೆಂದರೆ ಪಾಲಕ್ಕಾಡಿನ ಕಣಿವೆ ದಾಟಿ ಕೇರಳಕ್ಕೆ ಇಳಿಯಬೇಕು. ಹತ್ತಿ ಗಿರಣಿ, ನೀರೆತ್ತುವ ಪಂಪು, ವೆಟ್ ಗ್ರೈಂಡರು ಈ ಊರಿನ ಗುರುತು. ನೆರೆಯ ತಿರುಪ್ಪೂರೆಂದರೆ ಬನಿಯನ್ನು. ಆದರೂ ಊರೊಳಗಿನ ರೆಡ್‌ಫೀಲ್ಡ್ಸ್‌ನಲ್ಲಿ ‘ಐಎನ್‌ಎಸ್ ಅಗ್ರಣಿ’ ಎಂಬ ಫಲಕ ಕಾಣುತ್ತದೆ. ಹಡಗಿನ ಹೆಸರಿದ್ದರೂ ಅದು ನೆಲದ ಮೇಲಿನ ಶಾಲೆ. ನೌಕಾಪಡೆಯ ನಾವಿಕರಿಗೆ ನಾಯಕತ್ವದ ತರಬೇತಿ ಸಿಗುವುದು ಇಲ್ಲಿ.

ಈ ನಂಟು ಎರಡನೇ ಮಹಾಯುದ್ಧದಷ್ಟು ಹಳೆಯದು. 1942ರ ಏಪ್ರಿಲ್‌ನಲ್ಲಿ ಜಪಾನಿನ ವಿಮಾನಗಳು ಕೊಲಂಬೊ, ಟ್ರಿಂಕೊಮಲೆಗಳ ಮೇಲೆ ಬಾಂಬು ಸುರಿದವು. ಅದೇ ವರ್ಷ ಬ್ರಿಟಿಷ್ ನೌಕಾಪಡೆ ಕೊಯಮತ್ತೂರಿನಲ್ಲಿ ‘ಎಚ್‌ಎಂಎಸ್ ಗರುಡ’ ಎಂಬ ವಿಮಾನ ದುರಸ್ತಿ ಕೇಂದ್ರ ತೆರೆಯಿತು. 1945ರಲ್ಲಿ ಹತ್ತಿರದ ಸೂಲೂರಿನ ವಿಮಾನ ನೆಲೆಯೂ ‘ಎಚ್‌ಎಂಎಸ್ ವೈರಿ’ ಎಂಬ ಹೆಸರಿನಲ್ಲಿ ಅದರ ಕೈಗೆ ಬಂತು. ಸ್ವಾತಂತ್ರ್ಯದ ನಂತರ, 1961ರ ಸೆಪ್ಟೆಂಬರ್ 5ರಂದು, ‘ಐಎನ್‌ಎಸ್ ಹಂಸ’ ಹುಟ್ಟಿದ್ದು ಸೂಲೂರಿನಲ್ಲೇ. ವಿಮಾನವಾಹಕ ಹಡಗು ವಿಕ್ರಾಂತ್‌ನ ಸೀ ಹಾಕ್ ಜೆಟ್‌ಗಳಿಗೆ ಅದು ನೆಲೆಯಾಗಿತ್ತು. ಗೋವಾ ವಿಮೋಚನೆಯಾದ ಮೇಲೆ, 1964ರಲ್ಲಿ, ಹಂಸ ದಾಬೋಲಿಮ್‌ಗೆ ಹೋಯಿತು.

ಇನ್ನೊಂದು ನಂಟು ಹೆಸರಿನದು. 1799ರಲ್ಲಿ ಟಿಪ್ಪು ಮಡಿಯುವವರೆಗೆ ಈ ಸೀಮೆ ಮೈಸೂರಿಗೆ ಸೇರಿತ್ತು. ಮನೆಯಲ್ಲಿ ಇಂದಿಗೂ ಕನ್ನಡವಾಡುವ ದೇವಾಂಗ ನೇಕಾರರು, ಒಕ್ಕಲಿಗರು ಈ ಎರಡೂ ಜಿಲ್ಲೆಗಳಲ್ಲಿ ಇದ್ದಾರೆ. ಅವರ ಪೂರ್ವಿಕರನ್ನು ಆಳಿದ ಆ ರಾಜ್ಯದ ಗಂಡಭೇರುಂಡ ಈಗ ಒಂದು ಕ್ಷಿಪಣಿ ವಿಧ್ವಂಸಕ ಹಡಗಿನ ಲಾಂಛನ. ‘ಐಎನ್‌ಎಸ್ ಮೈಸೂರು’ ಸೇರಿದ ಆ ಹಡಗುಗಳ ಸಾಲು ಹೇಗೆ ಬೆಳೆಯಿತು ಎಂಬುದೇ ಈ ಲೇಖನದ ವಿಷಯ.

ಮೊದಲ ‘ಮೈಸೂರು’ ನಾವು ಕಟ್ಟಿದ ಹಡಗಲ್ಲ. ಬ್ರಿಟನ್ನಿನ ‘ಎಚ್‌ಎಂಎಸ್ ನೈಜೀರಿಯಾ’ ಎಂಬ ಕ್ರೂಸರನ್ನು 1954ರಲ್ಲಿ ಕೊಂಡು, ದುರಸ್ತಿ ಮಾಡಿಸಿ, 1957ರ ಆಗಸ್ಟ್‌ನಲ್ಲಿ ಪಡೆಗೆ ಸೇರಿಸಿಕೊಂಡೆವು. ಮೊದಲ ‘ದೆಹಲಿ’ಯೂ ಹೀಗೆಯೇ ಬಂದದ್ದು, ಅದರ ಹಿಂದಿನ ಹೆಸರು ‘ಅಕಿಲೀಸ್’. ಇವು ದೊಡ್ಡ ಫಿರಂಗಿಗಳ ಕಾಲದ ಹಡಗುಗಳು. ಆ ಕಾಲಕ್ಕೆ ತೆರೆ ಬಿದ್ದದ್ದು 1967ರ ಅಕ್ಟೋಬರ್ 21ರಂದು. ಈಜಿಪ್ಟಿನ ಪುಟ್ಟ ದೋಣಿಗಳು ಬಿಟ್ಟ ಸೋವಿಯತ್ ಸ್ಟಿಕ್ಸ್ ಕ್ಷಿಪಣಿಗಳು ಇಸ್ರೇಲಿನ ‘ಐಲಾತ್’ ಹಡಗನ್ನು ಮುಳುಗಿಸಿದವು. ನಾಲ್ಕು ವರ್ಷದ ಬಳಿಕ ನಮ್ಮ ಕ್ಷಿಪಣಿ ದೋಣಿಗಳೂ ಕರಾಚಿಯ ಹೊರಗೆ ಪಾಕಿಸ್ತಾನದ ‘ಖೈಬರ್’ ಅನ್ನು ಅದೇ ಕ್ಷಿಪಣಿಯಿಂದ ಮುಳುಗಿಸಿದವು. ದೋಣಿಗೆ ಇಂಥ ಶಕ್ತಿ ಬಂದ ಮೇಲೆ ದೊಡ್ಡ ಹಡಗು ತನ್ನನ್ನು ತಾನು ಕಾಯ್ದುಕೊಳ್ಳುವುದು ಹೇಗೆ? ಕ್ಷಿಪಣಿಯನ್ನು ಕ್ಷಿಪಣಿಯಿಂದಲೇ ಹೊಡೆಯುವ ಹಡಗು ಬೇಕಾಯಿತು.

ಅದೂ ಸೋವಿಯತ್ ಒಕ್ಕೂಟದಿಂದಲೇ ಬಂತು. ಉಕ್ರೇನಿನ ಮಿಕೊಲಾಯಿವ್‌ನಲ್ಲಿ ಕಟ್ಟಿದ ಐದು ‘ರಜಪೂತ್’ ವರ್ಗದ ಹಡಗುಗಳಲ್ಲಿ ಮೊದಲನೆಯದು 1980ರ ಮೇ 4ರಂದು ಸೇರ್ಪಡೆಯಾಗಿ 2021ರ ಮೇ ತಿಂಗಳಲ್ಲಿ ನಿವೃತ್ತವಾಯಿತು. ನಲವತ್ತೊಂದು ವರ್ಷ ದುಡಿದ ಈ ಹಡಗು ನಮ್ಮ ನಾವಿಕರಿಗೆ ಗ್ಯಾಸ್ ಟರ್ಬೈನನ್ನೂ ವಿಮಾನ ಹೊಡೆಯುವ ಕ್ಷಿಪಣಿಯನ್ನೂ ಒಟ್ಟಿಗೆ ಕಲಿಸಿತು. ಬ್ರಹ್ಮೋಸ್ ಕ್ಷಿಪಣಿ ಮೊದಲ ಬಾರಿಗೆ ಹಡಗಿನಿಂದ ಹಾರಿದ್ದೂ ಇದರ ಮೇಲಿಂದಲೇ.

ಸ್ವಂತದ ಕೆಲಸ ಶುರುವಾದದ್ದು ಮುಂಬೈಯ ಮಝಗಾಂವ್ ಡಾಕ್‌ನಲ್ಲಿ. ‘ಪ್ರಾಜೆಕ್ಟ್ 15’ರ ಮೊದಲ ಹಡಗು ‘ದೆಹಲಿ’ಯ ಕೀಲ್, ಅಂದರೆ ತಳದ ಬೆನ್ನೆಲುಬು, ಇಟ್ಟದ್ದು 1987ರ ನವೆಂಬರ್‌ನಲ್ಲಿ. ನಕ್ಷೆ ನೌಕಾಪಡೆಯದೇ, ಸಲಹೆ ಲೆನಿನ್‌ಗ್ರಾಡಿನ ಸೆವೆರ್ನೊಯೆ ಸಂಸ್ಥೆಯದು, ಟರ್ಬೈನು ಉಕ್ರೇನಿನದು, ಕ್ಷಿಪಣಿಗಳು ರಷ್ಯದವು. 1991ರ ಫೆಬ್ರುವರಿಯಲ್ಲಿ ಹಡಗು ನೀರಿಗಿಳಿಯಿತು. ಅದೇ ವರ್ಷದ ಕೊನೆಗೆ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ನಿನ್ನೆಯವರೆಗೆ ಒಂದೇ ಸರ್ಕಾರದೊಡನೆ ಮಾಡಿದ್ದ ವ್ಯವಹಾರವನ್ನು ಈಗ ಎರಡು ದೇಶಗಳೊಂದಿಗೆ, ಹೊಸ ಬೆಲೆಯಲ್ಲಿ, ಹೊಸದಾಗಿ ಮಾತಾಡಬೇಕಾಯಿತು. ‘ದೆಹಲಿ’ ಸೇರ್ಪಡೆಯಾದಾಗ 1997ರ ನವೆಂಬರ್ 15. ಕೀಲ್ ಇಟ್ಟು ಹತ್ತು ವರ್ಷ. ‘ಮೈಸೂರು’ 1999ರ ಜೂನ್ 2ರಂದು, ಕಾರ್ಗಿಲ್ ಯುದ್ಧದ ನಡುವೆ ಬಂತು. ‘ಮುಂಬೈ’ 2001ರ ಜನವರಿಯಲ್ಲಿ.

163 ಮೀಟರ್ ಉದ್ದದ ಈ ಒಡಲು ಗಟ್ಟಿ ವಿನ್ಯಾಸ. ಹದಿನಾರು ಉರಾನ್ ಕ್ಷಿಪಣಿ, ಎರಡು ಹೆಲಿಕಾಪ್ಟರು, ಟಾರ್ಪಿಡೊ, ಫಿರಂಗಿ ಎಲ್ಲವೂ ಅದರ ಮೇಲಿದ್ದವು. ಸುಲಭವಾಗಿ ಹೇಳುವುದಾದರೆ, ಇದ್ದಷ್ಟು ಜಾಗದಲ್ಲೆಲ್ಲ ಏನಾದರೊಂದನ್ನು ಕೂರಿಸಿದ್ದರು. ವಿಮಾನ ಹೊಡೆಯುವ ಶ್ತಿಲ್ ಕ್ಷಿಪಣಿಯ ಅಳವು ಮಾತ್ರ ಸುಮಾರು 25 ಕಿಲೋಮೀಟರ್. ಅಷ್ಟು ದೊಡ್ಡ ಹಡಗಿಗೆ ಅದು ಕಿರಿದೇ.

ಮುಂದಿನ ಎರಡು ತಲೆಮಾರುಗಳಲ್ಲಿ ಮಝಗಾಂವ್ ಡಾಕ್ ಈ ಒಡಲಿನ ಅಳತೆಯನ್ನು ಹೆಚ್ಚುಕಡಿಮೆ ಹಾಗೆಯೇ ಉಳಿಸಿಕೊಂಡು ಒಳಗಿನದನ್ನೆಲ್ಲ ಬದಲಿಸಿತು. ‘15ಎ’ಯ ‘ಕೋಲ್ಕತ್ತಾ’, ‘ಕೊಚ್ಚಿ’, ‘ಚೆನ್ನೈ’ 2014ರಿಂದ 2016ರ ನಡುವೆ ಬಂದವು. ಓರೆಯಾಗಿ ಕೂರುತ್ತಿದ್ದ ಕ್ಷಿಪಣಿ ಪೆಟ್ಟಿಗೆಗಳ ಬದಲು ಡೆಕ್ಕಿನೊಳಗೆ ನೆಟ್ಟಗೆ ನಿಂತ ಗೂಡುಗಳು: ಹದಿನಾರು ಬ್ರಹ್ಮೋಸ್, ವಿಮಾನ ಹೊಡೆಯುವ ಮೂವತ್ತೆರಡು ಬರಾಕ್-8. ತಿರುಗುವ ರೇಡಾರಿನ ಜಾಗದಲ್ಲಿ ನಾಲ್ಕೂ ದಿಕ್ಕನ್ನು ಒಟ್ಟಿಗೆ ನೋಡುವ, ಇಸ್ರೇಲಿನ ಎಂಎಫ್-ಸ್ಟಾರ್. ನನ್ನ ಅಭಿಪ್ರಾಯದಲ್ಲಿ ನಿಜವಾದ ಜಿಗಿತ ಇಲ್ಲಿಯೇ ನಡೆಯಿತು. ‘15ಬಿ’ ಅದರ ತಿದ್ದುಪಡಿ.

ತಡವಾದದ್ದೂ ಒಳಗೆ ಹೋಗಬೇಕಾದ ಸಾಮಾನಿನಿಂದ. ರಷ್ಯದ ಯುದ್ಧನೌಕೆ ಉಕ್ಕು ಹೊತ್ತಿಗೆ ಬರಲಿಲ್ಲ, ಬರಾಕ್-8 ಸಿದ್ಧವಿರಲಿಲ್ಲ. 2003ರಲ್ಲಿ ಕೀಲ್ ಇಟ್ಟ ‘ಕೋಲ್ಕತ್ತಾ’ 2014ರ ಆಗಸ್ಟ್ 16ರಂದು ಸೇರ್ಪಡೆಯಾದಾಗಲೂ ಅದರ ಗೂಡುಗಳಲ್ಲಿ ಆ ಕ್ಷಿಪಣಿ ಇರಲಿಲ್ಲ. ಮರುವರ್ಷದ ಡಿಸೆಂಬರ್‌ನಲ್ಲಷ್ಟೇ ಅದೇ ಹಡಗಿನಿಂದ ಬರಾಕ್ ಪರೀಕ್ಷೆ ನಡೆಯಿತು.

‘15ಬಿ’ಯ ನಾಲ್ಕು ಹಡಗುಗಳ ಒಪ್ಪಂದ 2011ರದು. ಈ ಸಲ ಉಕ್ಕು ನಮ್ಮದೇ: ಹೈದರಾಬಾದಿನ ಪ್ರಯೋಗಾಲಯ ರೂಪಿಸಿದ ಡಿಎಂಆರ್ 249ಎ. ರೇಡಾರಿಗೆ ಸುಲಭವಾಗಿ ಸಿಗದಂತೆ ಮೇಲ್ಕಟ್ಟಡವನ್ನು ಇನ್ನಷ್ಟು ಬಾಗಿಸಿದರು. 127 ಮಿಲಿಮೀಟರಿನ ಇಟಲಿಯ ತೋಪು ಕೂರಿಸುವ ಯೋಜನೆಯಿತ್ತು. ಆ ಖರೀದಿ ಕೈಗೂಡದೆ ಹಳೆಯ 76 ಮಿಲಿಮೀಟರಿನದೇ ಉಳಿಯಿತು. ‘ವಿಶಾಖಪಟ್ಟಣಂ’ 2021ರಲ್ಲಿ, ‘ಮೊರ್ಮುಗಾವ್’ 2022ರಲ್ಲಿ, ‘ಇಂಫಾಲ್’ 2023ರಲ್ಲಿ, ‘ಸೂರತ್’ 2025ರ ಜನವರಿ 15ರಂದು ಬಂದವು. ಕೀಲಿನಿಂದ ಸೇರ್ಪಡೆಗೆ ‘ಕೋಲ್ಕತ್ತಾ’ ಹನ್ನೊಂದು ವರ್ಷ ತೆಗೆದುಕೊಂಡಿತ್ತು. ‘ಸೂರತ್’ಗೆ ಐದು ವರ್ಷ ಚಿಲ್ಲರೆ ಸಾಕಾಯಿತು.

ಬೇಗವಾದದ್ದಕ್ಕೆ ಒಂದು ಕಾರಣ, ಸಾಮಾನು ಒಳನಾಡಿನಿಂದಲೇ ಹೆಚ್ಚು ಬರತೊಡಗಿದ್ದು. ಸೋನಾರ್ ಕೊಚ್ಚಿಯ ಪ್ರಯೋಗಾಲಯದಲ್ಲಿ ರೂಪುಗೊಂಡು ಬೆಂಗಳೂರಿನ ಬಿಇಎಲ್‌ನಲ್ಲಿ ತಯಾರಾಗುತ್ತದೆ. ರೇಡಾರು, ಸೋನಾರು, ಆಯುಧಗಳನ್ನು ಹೊಂದಿಸಿ ಹಡಗಿನ ಮಿದುಳಾಗಿ ನಿಲ್ಲುವ ಯುದ್ಧ ನಿರ್ವಹಣಾ ವ್ಯವಸ್ಥೆಯಲ್ಲೂ ಬಿಇಎಲ್‌ನ ಕೈಯಿದೆ. ಕೊಯಮತ್ತೂರು ಈ ಪಟ್ಟಿಗೆ ತಡವಾಗಿ ಬಂತು, ಆದರೆ ಬಂತು. ಗಿರಣಿ ಯಂತ್ರ, ಪಂಪುಗಳಿಂದ ಪಳಗಿದ ಕೈಗಳು ಇಲ್ಲಿ ಬೇಕಾದಷ್ಟಿವೆ. ಮಲುಮಿಚ್ಚಂಪಟ್ಟಿಯಲ್ಲಿ ಎಲ್ ಆಂಡ್ ಟಿ ಕ್ಷಿಪಣಿ ಭಾಗಗಳ ಕಾರ್ಖಾನೆ ನಡೆಸುತ್ತಿದೆ. ಯುರೋಪಿನ ಕ್ಷಿಪಣಿ ತಯಾರಕ ಎಂಬಿಡಿಎ ಜೊತೆ 2017ರಲ್ಲಿ ಜಂಟಿ ಕಂಪನಿಯನ್ನೂ ಕಟ್ಟಿದೆ. 2019ರ ಜನವರಿಯಲ್ಲಿ ಉದ್ಘಾಟನೆಯಾದ ತಮಿಳುನಾಡಿನ ರಕ್ಷಣಾ ಕೈಗಾರಿಕಾ ಕಾರಿಡಾರಿನ ಐದು ಕೇಂದ್ರಗಳಲ್ಲಿ ಕೊಯಮತ್ತೂರೂ ಒಂದು.

ಈ ಹಡಗುಗಳು ಇದುವರೆಗೆ ಮಾಡಿದ ಕೆಲಸ ನೋಡಿದರೆ ಸ್ವಲ್ಪ ವಿಚಿತ್ರ ಎನಿಸುತ್ತದೆ. 2008ರ ಡಿಸೆಂಬರ್‌ನಲ್ಲಿ ‘ಮೈಸೂರು’ ಏಡನ್ ಕೊಲ್ಲಿಯಲ್ಲಿ 23 ಕಡಲ್ಗಳ್ಳರನ್ನು ಹಿಡಿಯಿತು. 2011ರಲ್ಲಿ ಲಿಬಿಯಾದ ಭಾರತೀಯರನ್ನು ಕರೆತರಲು ಹೊರಟ ಹಡಗುಗಳಲ್ಲೂ ಅದಿತ್ತು. 2015ರಲ್ಲಿ ‘ಮುಂಬೈ’ ಯೆಮನ್‌ನಲ್ಲಿ ಅದೇ ಕೆಲಸ ಮಾಡಿತು. 2024ರ ಮಾರ್ಚ್‌ನಲ್ಲಿ ‘ಕೋಲ್ಕತ್ತಾ’ ‘ರುಯೆನ್’ ಹಡಗಿನ 17 ಸಿಬ್ಬಂದಿಯನ್ನು ಬಿಡಿಸಿ 35 ಕಡಲ್ಗಳ್ಳರನ್ನು ಶರಣಾಗಿಸಿತು. ಶಬ್ದಕ್ಕಿಂತ ವೇಗದ ಕ್ಷಿಪಣಿ ಹೊತ್ತ ಹಡಗು ದೋಣಿಗಳ್ಳರ ಬೆನ್ನು ಹತ್ತುವುದು ದುಬಾರಿ ಪೊಲೀಸುಗಿರಿಯೇ ಸರಿ. ಆದರೆ ಮನೆಯಿಂದ ಅಷ್ಟು ದೂರ ವಾರಗಟ್ಟಲೆ ನಿಲ್ಲಲು, ಹೆಲಿಕಾಪ್ಟರ್ ಹಾರಿಸಲು ಈ ಗಾತ್ರವೇ ಬೇಕು. ಹಳೆಯವುಗಳೂ ಮೂಲೆಗೆ ಸರಿದಿಲ್ಲ: ‘ದೆಹಲಿ’ಗೆ ಹೊಸ ಲಾಂಚರು ಕೂರಿಸಿ 2022ರ ಏಪ್ರಿಲ್‌ನಲ್ಲಿ ಬ್ರಹ್ಮೋಸ್ ಹಾರಿಸಿದರು.

ಬದಲಾಗದೆ ಉಳಿದದ್ದು ಎಂಜಿನ್. ‘ದೆಹಲಿ’ಯಿಂದ ‘ಸೂರತ್’ವರೆಗೆ ಎಲ್ಲದರ ಗ್ಯಾಸ್ ಟರ್ಬೈನುಗಳೂ ಮಿಕೊಲಾಯಿವ್‌ನ ಝೋರ್ಯ ಕಾರ್ಖಾನೆಯವು. 2022ರಿಂದ ಆ ಊರು ರಷ್ಯದ ದಾಳಿಗೆ ಸಿಕ್ಕಿದೆ. 1991ರಲ್ಲಿ ಎದುರಾದ ಪ್ರಶ್ನೆಯೇ ಮತ್ತೆ, ಈ ಬಾರಿ ಯುದ್ಧದ ರೂಪದಲ್ಲಿ, ಬಂದು ನಿಂತಿದೆ. ಬೆಂಗಳೂರಿನ ಗ್ಯಾಸ್ ಟರ್ಬೈನ್ ಸಂಶೋಧನಾ ಸಂಸ್ಥೆ ಜಿಟಿಆರ್‌ಇ, ಯುದ್ಧವಿಮಾನಕ್ಕೆಂದು ರೂಪಿಸಿದ್ದ ಕಾವೇರಿ ಎಂಜಿನ್ನಿನಿಂದ ಹಡಗಿನ ಟರ್ಬೈನೊಂದನ್ನು ರೂಪಿಸಿ ವಿಶಾಖಪಟ್ಟಣದಲ್ಲಿ ಪರೀಕ್ಷಿಸಿತ್ತು. ಅದರ ಶಕ್ತಿ 12 ಮೆಗಾವಾಟ್. ಏಳು ಸಾವಿರ ಟನ್ನು ದಾಟಿದ ಹಡಗನ್ನು 30 ನಾಟ್ ವೇಗದಲ್ಲಿ ಓಡಿಸುವುದಕ್ಕೆ ಅಂಥ ಟರ್ಬೈನು ಸಾಲದು. ಮುಂದೆ ಬರಲಿರುವ ಹಡಗುಗಳೋ ಇದಕ್ಕಿಂತ ಭಾರವಾದವು.