ಹೆಗಲ ಮೇಲಿನ ಹಸಿಬೆ: ಮಲಪ್ರಭೆಯ ಸೀಮೆಯಲ್ಲಿ ನಡೆದವರ ಸಾಮಾನು

ಕಿತ್ತೂರಿನ ಕತೆಯನ್ನು ನಾವೆಲ್ಲ ತೋಪು, ಕತ್ತಿ, ಕುದುರೆಗಳ ಲೆಕ್ಕದಲ್ಲಿ ಓದಿದವರು. 1824ರ ಅಕ್ಟೋಬರ್ 23ರಂದು ಥ್ಯಾಕರೆ ಸತ್ತದ್ದು, ಡಿಸೆಂಬರ್ ಮೊದಲ ವಾರದಲ್ಲಿ ಕೋಟೆ ಬಿದ್ದದ್ದು, ರಾಣಿ ಚೆನ್ನಮ್ಮನನ್ನು ಬೈಲಹೊಂಗಲದಲ್ಲಿ ಸೆರೆಯಿಟ್ಟದ್ದು, 1829ರ ಫೆಬ್ರುವರಿಯಲ್ಲಿ ಆಕೆ ಅಲ್ಲಿಯೇ ತೀರಿಕೊಂಡದ್ದು, ಇಷ್ಟು ಶಾಲೆಯ ಹುಡುಗರಿಗೂ ಬಾಯಿಪಾಠ. ಆದರೆ ಈ ಸೀಮೆಯ ಇತಿಹಾಸದಲ್ಲಿ ಕುದುರೆ ಏರಿದವರಿಗಿಂತ ಕಾಲ್ನಡಿಗೆಯಲ್ಲಿ ಹೋದವರ ಸಂಖ್ಯೆ ಎಷ್ಟೋ ಪಟ್ಟು ದೊಡ್ಡದು. ಅವರು ಹೆಗಲ ಮೇಲೆ, ತಲೆಯ ಮೇಲೆ, ನಡುವಿಗೆ ಏನು ಕಟ್ಟಿಕೊಂಡು ಹೊರಟರು, ಅದನ್ನು ಹೇಗೆ ಕಟ್ಟಿಕೊಂಡರು ಎಂಬುದೂ ಇತಿಹಾಸವೇ. ಇವತ್ತು ಬೆನ್ನುಚೀಲ ಹೊತ್ತು ಚಾರಣಕ್ಕೆ ಹೋಗುವ ಹುಡುಗ ಹುಡುಗಿಯರು ಅಂಗಡಿಯಲ್ಲಿ ಕೇಳುವ ಪ್ರಶ್ನೆಗಳನ್ನೆಲ್ಲ ಈ ಮಂದಿ ತಮ್ಮ ಮೈಮೇಲೆಯೇ ಬಗೆಹರಿಸಿಕೊಂಡಿದ್ದರು.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ಊರುಗಳನ್ನು ರೈಲು ಹಳಿ ಇಂದಿಗೂ ಮುಟ್ಟಿಲ್ಲ. 1880ರ ದಶಕದಲ್ಲಿ ಧಾರವಾಡ, ಬೆಳಗಾವಿಗಳಿಗೆ ರೈಲು ಬಂದ ಮೇಲೂ ಇಲ್ಲಿಯವರಿಗೆ ಕಾಲು, ಚಕ್ಕಡಿ ಬಿಟ್ಟರೆ ಬೇರೆ ಗತಿ ಇರಲಿಲ್ಲ. ಹೋಗಬೇಕಾದ ಜಾಗಗಳೇನು ಕಡಿಮೆಯೆ? ಹೊಸ್ತಿಲ ಹುಣ್ಣಿಮೆ, ಬನದ ಹುಣ್ಣಿಮೆ, ಭಾರತ ಹುಣ್ಣಿಮೆ, ದವನದ ಹುಣ್ಣಿಮೆ ಎಂದು ಯಲ್ಲಮ್ಮನ ಗುಡ್ಡ ಕರೆಯುತ್ತಲೇ ಇರುತ್ತದೆ. ರಾಮದುರ್ಗದ ಕಡೆ ಗೊಡಚಿಯ ವೀರಭದ್ರ. ಪಡುವಣಕ್ಕೆ ಕಾಡಿನೊಳಗೆ ಉಳವಿ. ಕಾಲಲ್ಲಿ ಕಸುವಿದ್ದವರಿಗೆ ಯುಗಾದಿಯ ಹೊತ್ತಿಗೆ ಶ್ರೀಶೈಲ.

ಈ ದಾರಿಗಳ ದೊಡ್ಡ ಸಾಮಾನು ಕಂಬಳಿ. ದಖನಿ ಕುರಿಯ ಒರಟು ಉಣ್ಣೆಯನ್ನು ಕುರುಬರ ಮನೆಯ ಹೆಂಗಸರು ನೂಲುತ್ತಾರೆ, ಗಂಡಸರು ಗುಣಿಮಗ್ಗದಲ್ಲಿ ನೇಯುತ್ತಾರೆ, ಹುಣಸೆ ಬೀಜದ ಸರಿ ಹಚ್ಚಿ ಎಳೆಯನ್ನು ಬಿಗಿ ಮಾಡುತ್ತಾರೆ. ಉಣ್ಣೆಯ ಎಳೆ ತನ್ನ ತೂಕದ ಸುಮಾರು ಶೇ. 30ರಷ್ಟು ತೇವ ಕುಡಿದರೂ ಮೈಗೆ ತಣ್ಣಗೆ ಹತ್ತುವುದಿಲ್ಲ. ಕುರಿಯ ಮೈಯ ಜಿಡ್ಡು ಎಳೆಯಲ್ಲಿ ಉಳಿದಿರುವುದರಿಂದ ಜಿಟಿಜಿಟಿ ಮಳೆ ಒಳಗೆ ಇಳಿಯಲು ಹೊತ್ತು ಹಿಡಿಯುತ್ತದೆ. ಒಂದು ಮೂಲೆಯನ್ನು ಒಳಕ್ಕೆ ಮಡಿಚಿ ತಲೆಗೆ ಏರಿಸಿದರೆ ಅದೇ ಕೊಪ್ಪೆ. ರಾತ್ರಿ ಹಾಸಿಗೆ, ಹೊದಿಕೆ. ಬಿಸಿಲಲ್ಲಿ ನಾಲ್ಕು ಕೋಲಿಗೆ ಕಟ್ಟಿದರೆ ನೆರಳು. ಕಾಳು ಹರವಿದರೆ ಜಮಖಾನೆ. ಇಂದಿನ ಚಾರಣಿಗ ಇಷ್ಟಕ್ಕೆಲ್ಲ ನಾಲ್ಕು ಬೇರೆ ಬೇರೆ ಸಾಮಾನು ಕೊಳ್ಳುತ್ತಾನೆ. ಒಂದೇ ವಸ್ತು ನಾಲ್ಕು ಕೆಲಸಕ್ಕೆ ಬಂದರೆ ಮೂರು ವಸ್ತುಗಳ ಭಾರ ಮನೆಯಲ್ಲಿಯೇ ಉಳಿಯಿತಲ್ಲ! ಕಂಬಳಿಯ ಭಾರವೂ ಕಡಿಮೆಯೇನಲ್ಲ, ನೆನೆದರೆ ಇನ್ನೂ ಹೆಚ್ಚು. ಆದರೆ ಅದನ್ನು ಹೆಗಲ ಮೇಲೆ ಅಡ್ಡ ಹಾಕಿಕೊಂಡರೆ ಗಂಟಿನ ಹಗ್ಗ ಚರ್ಮಕ್ಕೆ ಕೊರೆಯುವುದಿಲ್ಲ, ಹೊರೆಗೆ ಅದೇ ಮೆತ್ತೆ.

ಸಂಗೊಳ್ಳಿ ರಾಯಣ್ಣ ಹುಟ್ಟಿದ್ದು ಇಂಥ ಕಂಬಳಿಯ ಸಮುದಾಯದಲ್ಲಿ. ಅವನ ದಂಡು ಸಂಪಗಾವಿ, ಬೀಡಿಗಳ ಕಚೇರಿಗಳ ಮೇಲೆ ಬಿದ್ದು ಮತ್ತೆ ಕಾಡು ಸೇರುತ್ತಿತ್ತು. 1830ರ ಏಪ್ರಿಲ್‌ನಲ್ಲಿ ಸೆರೆ ಸಿಕ್ಕುವ ತನಕ ಕಂಪನಿಯ ಸೈನ್ಯಕ್ಕೆ ಅವನ ಬೆನ್ನು ಹತ್ತುವುದು ಸುಲಭವಾಗಲಿಲ್ಲ. ಆ ಕಾಲದ ಕಂಪನಿ ಸೈನ್ಯ ಹೊರಟಿತೆಂದರೆ ಡೇರೆ, ಎತ್ತು, ಅಡಿಗೆಯವರು, ಹೊರೆಯಾಳುಗಳ ಇನ್ನೊಂದು ಊರೇ ಹಿಂದೆ ಹೊರಡುತ್ತಿತ್ತು. ಹೊರೆ ಇಲ್ಲದವನನ್ನು ಹೊರೆ ಇದ್ದವನು ಬೆನ್ನಟ್ಟುವುದು ಯಾವಾಗಲೂ ಕಷ್ಟವೇ. ಕಡೆಗೆ ಅವನನ್ನು ಹಿಡಿದುಕೊಟ್ಟದ್ದು ನಂಬಿಕೆದ್ರೋಹ. 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಾಯಿತು. ಈಗ ರಾಯಣ್ಣನ ಹೆಸರಿನ ಸಮಾರಂಭಗಳಲ್ಲಿ ಅತಿಥಿಗಳಿಗೆ ಶಾಲಿನ ಬದಲು ಕರಿ ಕಂಬಳಿ ಹೊದಿಸುವುದುಂಟು. ಫೋಟೋ ಮುಗಿದ ಕೂಡಲೇ ಬಹಳ ಮಂದಿ ಅದನ್ನು ಮಡಿಚಿ ಪಕ್ಕಕ್ಕಿಡುತ್ತಾರೆ. ಚುಚ್ಚುತ್ತದೆ, ನಿಜ.

ಗಂಟು ಕಟ್ಟುವ ರೀತಿಗೆ ಬರೋಣ. ವ್ಯಾಪಾರಕ್ಕೆ ಹೋಗುವವರ ಹೆಗಲ ಮೇಲೆ ಇರುತ್ತಿದ್ದದ್ದು ಹಸಿಬೆ: ಎರಡೂ ತುದಿ ಮುಚ್ಚಿ ನಡುವೆ ಬಾಯಿ ಇರುವ ಉದ್ದನೆಯ ಚೀಲ. ಅರ್ಧ ಎದೆಯ ಮೇಲೆ, ಅರ್ಧ ಬೆನ್ನ ಮೇಲೆ. ತೂಕ ಎರಡೂ ಕಡೆ ಸಮ, ಆದ್ದರಿಂದ ನಡೆಯುವವನು ಮುಂದಕ್ಕೆ ಬಾಗಬೇಕಿಲ್ಲ. ದುಡ್ಡು ಮುಂದಿನ ಮಗ್ಗುಲಲ್ಲಿ, ಕಣ್ಣ ಮುಂದೆಯೇ. ಮಲಗುವಾಗ ಅದೇ ತಲೆದಿಂಬು, ಕಳ್ಳ ಕೈಹಾಕಿದರೆ ಎಚ್ಚರ. ನನ್ನ ಮಟ್ಟಿಗೆ ಈ ಸೀಮೆಯ ಅತಿ ಜಾಣ ಸಾಮಾನು ಇದು. ಬೆನ್ನುಚೀಲದ ಎಲ್ಲ ಭಾರವೂ ಹಿಂದೆಯೇ ಜಗ್ಗುವುದರಿಂದ ಅದಕ್ಕೆ ಸೊಂಟಪಟ್ಟಿ, ಎದೆಪಟ್ಟಿಗಳ ಉಪಾಯ ಬೇಕಾಯಿತು. ಭಾರವಾದದ್ದನ್ನು ಬೆನ್ನಿಗೆ ಹತ್ತಿರ ಇಡು ಎಂದು ಇಂದು ಹೇಳಿಕೊಡುವ ಪಾಠವನ್ನೇ ಚಕ್ಕಡಿ ಹೊಡೆಯುವವನು ಬೇರೆ ರೀತಿಯಲ್ಲಿ ಬಲ್ಲ: ಹೇರು ಅಚ್ಚಿನ ಮೇಲೆ ಕೂತಿರಬೇಕು. ಮುಂದೆ ಹೆಚ್ಚಾದರೆ ನೊಗ ಎತ್ತಿನ ಹೆಗಲು ಒತ್ತುತ್ತದೆ, ಹಿಂದೆ ಹೆಚ್ಚಾದರೆ ನೊಗ ಮೇಲೇಳುತ್ತದೆ.

ಹೆಂಗಸರಿಗೆ ಹಸಿಬೆ ಇರಲಿಲ್ಲ, ಸಿಂಬಿ ಇತ್ತು. ಹಳೆಯ ಸೀರೆಯ ತುಂಡನ್ನು ಸುತ್ತಿ ತಲೆಯ ಮೇಲಿಟ್ಟು ಅದರ ಮೇಲೆ ಬುಟ್ಟಿ. 1986ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಕೀನ್ಯಾದ ಲುವೊ, ಕಿಕುಯು ಹೆಂಗಸರ ಬಗ್ಗೆ ಒಂದು ಅಧ್ಯಯನ ಬಂತು. ಮೈತೂಕದ ಶೇ. 20ರ ತನಕದ ಹೊರೆಯನ್ನು ಅವರು ಹೆಚ್ಚಿನ ಶ್ರಮವಿಲ್ಲದೆ ಒಯ್ಯುತ್ತಾರೆ ಎಂದು ಅದು ಕಂಡುಕೊಂಡಿತ್ತು. ಇದನ್ನು ಓದಿ ಹಿಗ್ಗುವ ಮೊದಲು ತಲೆಹೊರೆ ಇಳಿಸಿ ಕುತ್ತಿಗೆ ಒತ್ತಿಕೊಳ್ಳುವ ಅವ್ವಂದಿರನ್ನು ಕೇಳಬೇಕು. ಇಳಿಸಲಾಗದ ಹೊರೆಯೂ ಇತ್ತು. ಯಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ಹೆಣ್ಣುಮಕ್ಕಳ ತಲೆಯ ಮೇಲಿನ ಪಡ್ಡಲಗಿ ಬಿದಿರಿನದು, ಹಗುರ. ಆದರೆ ಅದು ಜೀವಮಾನದ್ದು. ಹಾಗೆ ಬಿಡುವ ಪದ್ಧತಿಯನ್ನು ಕರ್ನಾಟಕ 1982ರ ಕಾಯ್ದೆಯಿಂದ ನಿಷೇಧಿಸಿತು.

ಬುತ್ತಿಯ ವಿಷಯ ಬಂದರೆ ಈ ಕಡೆಯವರು ಸ್ವಲ್ಪ ಜಂಬ ಪಡಬಹುದು. ಜೋಳದ ರೊಟ್ಟಿಯನ್ನು ತೆಳ್ಳಗೆ ಬಡಿದು, ಬೇಯಿಸಿ, ಒಲೆಯ ಬದಿಗೆ ಒರಗಿಸಿ ಒಣಗಿಸಿದರೆ ಕಟಕ ರೊಟ್ಟಿ. ನೀರು ಹೋಯಿತೆಂದರೆ ಬೂಸ್ಟು ಹಿಡಿಯುವುದಿಲ್ಲ, ಭಾರವೂ ಇಳಿಯಿತು. ಒಂದರ ಮೇಲೊಂದು ಒಟ್ಟಿ ಅರಿವೆಯಲ್ಲಿ ಬಿಗಿದರೆ ವಾರಗಟ್ಟಲೆ ಇರುತ್ತದೆ. ಜೊತೆಗೆ ಹಿಂಡಿ. ಚೆನ್ನಮ್ಮನ ಕಾಲದ ಬುತ್ತಿಯಲ್ಲಿ ಶೇಂಗಾ ಹಿಂಡಿಯನ್ನು ಊಹಿಸಿಕೊಳ್ಳಬೇಡಿ. ಅಮೆರಿಕ ಖಂಡದಿಂದ ಬಂದ ಆ ಬೆಳೆ ಈ ಹೊಲಗಳಲ್ಲಿ ದೊಡ್ಡದಾಗಿ ಹಬ್ಬಿದ್ದು ಆಮೇಲೆ. ಅಗಸಿ, ಗುರೆಳ್ಳು ಹಳೆಯವು. ಮೊಸರನ್ನದ ಬುತ್ತಿಯದು ಇನ್ನೊಂದು ಉಪಾಯ: ಅನ್ನಕ್ಕೆ ಹಾಲು ಸುರಿದು ಒಂದೇ ಚಮಚ ಮೊಸರು ಹಾಕಿ ಕಟ್ಟುವುದು. ನಡೆಯುತ್ತ ನಡೆಯುತ್ತ ಹೆಪ್ಪಾಗಿ, ಮಧ್ಯಾಹ್ನ ಬಿಚ್ಚಿದಾಗ ಹುಳಿಯಾಗದ ಮೊಸರನ್ನ. ಒಲೆ ಹೊರುವ ಗೋಜಿಲ್ಲ. ಗುಡ್ಡದ ಮೇಲೆ ಮೂರು ಕಲ್ಲು ಯಾವಾಗಲೂ ಸಿಗುತ್ತವೆ.

ನೀರಿಗೆ ಒಣಗಿದ ಸೋರೆ ಬುರುಡೆ. ತಂಬಿಗೆಗಿಂತ ಹಗುರ, ನೀರೂ ತಂಪು. ಆದರೆ ಬುರುಡೆಗಿಂತ ಮುಖ್ಯವಾದದ್ದು ಅದರ ಬಾಯಿಗೆ ಕಟ್ಟುತ್ತಿದ್ದ ಅರಿವೆ. ನೀರನ್ನು ಸೋಸಿ ಕುಡಿಯುವುದನ್ನು ಮಡಿಯೆಂದೋ ಮನೆತನದ ಪದ್ಧತಿಯೆಂದೋ ಹಿರಿಯರು ಹೇಳಿಕೊಟ್ಟಿರಬಹುದು. ಇಳಿದು ತುಂಬಿಕೊಳ್ಳುವ ಮೆಟ್ಟಿಲು ಬಾವಿಗಳಲ್ಲಿ ನಾರುಹುಣ್ಣಿನ ಮರಿಗಳನ್ನು ಹೊಟ್ಟೆಯಲ್ಲಿಟ್ಟುಕೊಂಡ, ಕಣ್ಣಿಗೆ ಸರಿಯಾಗಿ ಕಾಣದ ನೀರಹುಳಗಳಿರುತ್ತಿದ್ದವು. ಅವು ಹೊಟ್ಟೆಗೆ ಹೋದರೆ ಸುಮಾರು ಒಂದು ವರ್ಷದ ಮೇಲೆ ಕಾಲಿನಿಂದ ಮೊಳಗಟ್ಟಲೆ ಹುಳ ಹೊರಬರುತ್ತಿತ್ತು. ನಡೆದು ಬದುಕುವವನಿಗೆ ಇದಕ್ಕಿಂತ ಕೆಟ್ಟ ಶಿಕ್ಷೆ ಯಾವುದು? ಈ ರೋಗಕ್ಕೆ ಲಸಿಕೆಯಿಲ್ಲ. ಕರ್ನಾಟಕವೂ ಸೇರಿ ಹಲವು ರಾಜ್ಯಗಳಲ್ಲಿ ಸರ್ಕಾರದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹಂಚಿದ್ದು ಸೋಸುವ ಬಟ್ಟೆಯನ್ನೇ, ಮುಚ್ಚಿಸಿದ್ದು ಮೆಟ್ಟಿಲು ಬಾವಿಗಳನ್ನೇ. ಭಾರತದ ಕಡೆಯ ರೋಗಿ ಕಂಡದ್ದು 1996ರಲ್ಲಿ. 2000ದಲ್ಲಿ ದೇಶ ನಾರುಹುಣ್ಣಿನಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣಪತ್ರ ಕೊಟ್ಟಿತು.

ಕಾಲಿಗೆ ಕೆರವು. ಜಾಲಿ ತೊಗಟೆ, ಅಳಲೆಕಾಯಿಗಳಲ್ಲಿ ಹದ ಮಾಡಿದ ತೊಗಲು ಹೊಸದರಲ್ಲಿ ಕಚ್ಚುತ್ತದೆ. ಔಡಲ ಎಣ್ಣೆ ತಿಕ್ಕಿ, ಮನೆ ಹೊಲಗಳ ನಡುವೆ ಮೆಟ್ಟಿ ಪಳಗಿಸಿದ ಮೇಲೆಯೇ ದೂರದ ದಾರಿ. ಹೊಸ ಬೂಟು ಹಾಕಿಕೊಂಡು ಚಾರಣಕ್ಕೆ ಹೋಗಬೇಡಿ ಎನ್ನುವುದೂ ಇದನ್ನೇ. ಕೊಲ್ಹಾಪುರಿ ಚಪ್ಪಲಿಗೆ ಸಿಕ್ಕ ಭೌಗೋಳಿಕ ಗುರುತಿನಲ್ಲಿ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಸೇರಿವೆ. ಆದರೆ ತೊಗಲನ್ನು ಹದ ಮಾಡಿದವನು ಅದೇ ಕೆರವು ಮೆಟ್ಟಿ ಊರ ಮುಂದಿನ ಬೀದಿಯಲ್ಲಿ ನಡೆಯುವಂತಿರಲಿಲ್ಲ. ಸಾಮಾನಿನ ಇತಿಹಾಸ ಇಲ್ಲಿ ಹಿತವಾಗಿ ಉಳಿಯುವುದಿಲ್ಲ. ಅಧಿಕಾರಿ ಊರಿಗೆ ಬಂದರೆ ಅವನ ಪೆಟ್ಟಿಗೆ, ಹಾಸಿಗೆಗಳನ್ನು ಮುಂದಿನ ಊರಿನ ತನಕ ಹೊರುವುದು ಹೊಲಗೇರಿಯವರ ಬಿಟ್ಟಿ ಚಾಕರಿ. ಈ ಸೀಮೆಯ ಬಹುಭಾಗ ಆಗ ಮುಂಬಯಿ ಪ್ರಾಂತದಲ್ಲಿತ್ತು, ರಾಮದುರ್ಗ ಮಾತ್ರ ಸಂಸ್ಥಾನ. ಆ ಪ್ರಾಂತದ ಶಾಸನಸಭೆಯಲ್ಲಿ ಅಂಬೇಡ್ಕರ್ 1928ರಲ್ಲಿಯೇ ಇಂಥ ವತನ ಚಾಕರಿಯ ವಿರುದ್ಧ ಮಸೂದೆ ತಂದರು. 1950ರ ಸಂವಿಧಾನದ 23ನೆಯ ವಿಧಿ ಬಿಟ್ಟಿಯನ್ನು ನಿಷೇಧಿಸಿತು. ವಂಶಪಾರಂಪರ್ಯದ ಗ್ರಾಮ ಹುದ್ದೆಗಳು ಕರ್ನಾಟಕದಲ್ಲಿ ರದ್ದಾದದ್ದು 1961ರ ಕಾಯ್ದೆಯಿಂದ. ಹೊರೆಯನ್ನು ಹಗುರ ಮಾಡುವ ಉಪಾಯಗಳೆಲ್ಲ ತಾನೇ ಹೊರುವವನ ಬುದ್ಧಿಯಿಂದ ಬಂದವು. ಇನ್ನೊಬ್ಬನ ತಲೆ ಸಿಕ್ಕವನಿಗೆ ಪೆಟ್ಟಿಗೆ ಎಷ್ಟು ದೊಡ್ಡದಾದರೇನು?

ಈ ದಾರಿಗಳಲ್ಲಿ ಹೋದ ಅತಿ ದೊಡ್ಡ ಗಂಟಿನ ಕತೆ ಜನರ ನಂಬಿಕೆಯಲ್ಲಿದೆ. ಕಲ್ಯಾಣದ ಕ್ರಾಂತಿಯ ನಂತರ ಶರಣರು ವಚನದ ಕಟ್ಟುಗಳನ್ನು ಹೊತ್ತು ಈ ಸೀಮೆಯ ಮೇಲೆಯೇ ಉಳವಿಗೆ ನಡೆದರಂತೆ. ಕಾದರವಳ್ಳಿಯಲ್ಲಿ ಕಾದಾಟವಾಯಿತೆಂದು ಊರ ಹೆಸರನ್ನೇ ಸಾಕ್ಷಿ ಹೇಳುತ್ತಾರೆ. ಎಂ.ಕೆ. ಹುಬ್ಬಳ್ಳಿಯ ಬಳಿ ಮಲಪ್ರಭೆಯಲ್ಲಿ ಗಂಗಾಂಬಿಕೆ, ಕಕ್ಕೇರಿಯಲ್ಲಿ ಡೋಹರ ಕಕ್ಕಯ್ಯ ಐಕ್ಯರಾದರೆಂಬ ನಂಬಿಕೆ. ತಾಳೆಗರಿ ಹೊರುವವನಿಗೆ ಒಳ್ಳೆಯ ಸಾಮಾನು: ಒಣಗಿದ್ದು, ಎರಡು ಹಲಗೆಗಳ ನಡುವೆ ದಾರ ಬಿಗಿದರೆ ಚೂರೂ ಅಲುಗುವುದಿಲ್ಲ. ಶತ್ರುಗಳಿಗಿಂತ ಮಳೆಯ ಭಯವೇ ಹೆಚ್ಚು.

ಉಳವಿಯ ದಾರಿಯಲ್ಲಿ ಭಾರತ ಹುಣ್ಣಿಮೆಗೆ ಇಂದಿಗೂ ಚಕ್ಕಡಿಗಳ ಸಾಲು ಹೊರಡುತ್ತದೆ. ಹಳಿಯಾಳ, ದಾಂಡೇಲಿ ದಾಟಿ ಕಾಡು ಹೊಕ್ಕರೆ ಹಗಲು ಬಿಸಿಲು, ರಾತ್ರಿ ಚಳಿ. ಎತ್ತಿನ ಮೇವಿನ ಮೇಲೆಯೇ ಹಾಸಿಗೆ, ಅದರ ಮೇಲೆ ಮಕ್ಕಳು. ಮೇವು ಖರ್ಚಾದಂತೆ ಹಾಸಿಗೆ ತೆಳ್ಳಗಾಗುತ್ತದೆ, ಎತ್ತುಗಳ ಭಾರವೂ ಇಳಿಯುತ್ತದೆ. ಶ್ರೀಶೈಲಕ್ಕೆ ಹೊರಟವರ ಕತೆ ಬೇರೆ: ಮಲ್ಲಯ್ಯನ ಕಂಬಿ ಹೆಗಲ ಮೇಲೆ, ಬೇಸಿಗೆ ತಲೆಯ ಮೇಲೆ, ಕೆಲವರು ಹರಕೆಯ ಮರಗಾಲು ಕಟ್ಟಿಕೊಂಡು. ಆತ್ಮಕೂರು ದಾಟಿ ನಲ್ಲಮಲ ಕಾಡಿನಲ್ಲಿ ನಾಗಲೂಟಿ, ಪೆದ್ದಚೆರುವು, ಭೀಮನ ಕೊಳ್ಳ. ಈಗ ಗಂಟುಗಳನ್ನು ಟೆಂಪೊ ಮುಂದಿನ ತಂಗುದಾಣಕ್ಕೆ ಒಯ್ಯುತ್ತದೆ, ನಡೆಯುವವರ ಕೈಯಲ್ಲಿ ಪ್ಲಾಸ್ಟಿಕ್ ಬಾಟಲಿ ಮಾತ್ರ. ಆದರೆ ಕಾಡಿನ ಕಲ್ಲುದಾರಿಗೆ ಟೆಂಪೊ ಹೋಗುವುದಿಲ್ಲ. ಅಲ್ಲಿಗೆ ಬಂದಾಗ ಎಲ್ಲರೂ ಗಂಟು ಬಿಚ್ಚಿ ಒಂದು ಟವೆಲ್ಲು, ಒಂದಿಷ್ಟು ಕಟಕ ರೊಟ್ಟಿ, ಹಿಂಡಿಯ ಪುಡಿಕೆ ಬೇರೆ ತೆಗೆದು ಹೆಗಲಿಗೆ ಕಟ್ಟಿಕೊಳ್ಳುತ್ತಾರೆ.