ಕಣ್ಣಿಗೆ ಪಟ್ಟಿ, ಎದುರಿಗೆ ತಾರೆ

1957ರ ಜನವರಿಯ ಒಂದು ಭಾನುವಾರ ರಾತ್ರಿ ಚಿತ್ರಕಾರ ಸಾಲ್ವಡಾರ್ ಡಾಲಿ ನ್ಯೂಯಾರ್ಕಿನ ಸಿಬಿಎಸ್ ಸ್ಟುಡಿಯೊಗೆ ಬಂದರು. ಹಲಗೆಯ ಮೇಲೆ ದೊಡ್ಡದಾಗಿ ಸಹಿ ಹಾಕಿ, ನಿರೂಪಕರ ಪಕ್ಕದ ಕುರ್ಚಿಯಲ್ಲಿ ಕೂತರು. ಎದುರಿಗೆ ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ನಾಲ್ವರು. ಬಂದಿರುವ ಅತಿಥಿ ಯಾರೆಂಬುದನ್ನು ಅವರು ಬರೀ ಹೌದು-ಅಲ್ಲ ಎಂಬ ಉತ್ತರಗಳಿಂದಲೇ ಪತ್ತೆ ಹಚ್ಚಬೇಕು. ಜನರ ಮುಂದೆ ಕಾಣಿಸಿಕೊಳ್ಳುವವರೇ? ಹೌದು. ಬರೆಯುವವರೇ? ಹೌದು. ಕ್ರೀಡೆಯ ನಂಟಿದೆಯೇ? ಅದಕ್ಕೂ ಹೌದು. ಡಾಲಿಯವರಿಗೆ ತಾವು ಮಾಡದ ಕೆಲಸವೊಂದಿದೆ ಎಂದು ಅನ್ನಿಸಿಯೇ ಇಲ್ಲವೇನೋ! ಪ್ಯಾನೆಲ್ ಪೂರ್ತಿ ದಾರಿ ತಪ್ಪೀತೆಂದು ನಿರೂಪಕ ಜಾನ್ ಡೇಲಿ ನಡುನಡುವೆ ಬಾಯಿ ಹಾಕಬೇಕಾಯಿತು.

‘ವಾಟ್ಸ್ ಮೈ ಲೈನ್?’ ಕಾರ್ಯಕ್ರಮದ ಈ ತುಣುಕನ್ನು ಜನ ಇವತ್ತಿಗೂ ಯೂಟ್ಯೂಬಿನಲ್ಲಿ ಹುಡುಕಿಕೊಂಡು ಹೋಗಿ ನೋಡುತ್ತಾರೆ. ಅಮೆರಿಕ ಮತ್ತು ಬ್ರಿಟನ್ನಿನ ಟಿವಿಯಲ್ಲಿ 1950ರಿಂದ ಮೂರು ದಶಕ ಮೆರೆದ ಪ್ಯಾನೆಲ್ ಆಟಗಳ ಹಂಬಲ ಇನ್ನೂ ಆರಿಲ್ಲ. ಯಾರು ಎಷ್ಟು ಗೆದ್ದರೆಂಬುದು ಯಾರಿಗೂ ನೆನಪಿಲ್ಲ, ಬಂದು ಕೂತವರ ನೆನಪಿದೆ. ದೊಡ್ಡ ಹೆಸರಿನವರು ಸಣ್ಣ ಆಟಕ್ಕೆ ಬಂದಾಗ ಹಾಗೆ ಅರಳಿದ್ದೇಕೆ ಎಂಬುದನ್ನು ತಿಳಿಯಲು ಈ ಪ್ರಕಾರ ಬೆಳೆದ ಬಗೆಯನ್ನೇ ನೋಡಬೇಕು.

ಬೇರು ರೇಡಿಯೊದಲ್ಲಿದೆ. 1938ರಲ್ಲಿ ಎನ್‌ಬಿಸಿಯಲ್ಲಿ ಶುರುವಾದ ‘ಇನ್ಫರ್ಮೇಷನ್ ಪ್ಲೀಸ್’ ರಸಪ್ರಶ್ನೆಯ ವ್ಯವಸ್ಥೆಯನ್ನು ತಲೆಕೆಳಗು ಮಾಡಿತು. ಇಲ್ಲಿ ಪ್ರಶ್ನೆ ಕಳಿಸುವವರು ಕೇಳುಗರು, ಉತ್ತರಿಸಬೇಕಾದವರು ಪಂಡಿತರು. ಕ್ಲಿಫ್ಟನ್ ಫ್ಯಾಡಿಮನ್ ನಿರೂಪಕರು. ಅಂಕಣಕಾರ ಫ್ರಾಂಕ್ಲಿನ್ ಆಡಮ್ಸ್, ಕ್ರೀಡಾ ಬರಹಗಾರ ಜಾನ್ ಕೀರನ್, ಪಿಯಾನೊ ವಾದಕ ಆಸ್ಕರ್ ಲೆವಂಟ್ ಪ್ಯಾನೆಲಿನಲ್ಲಿ. ಉತ್ತರ ಬಾರದೆ ಅವರು ತಡವರಿಸಿದರೆ ಪ್ರಶ್ನೆ ಕಳಿಸಿದವರಿಗೆ ಬಹುಮಾನ. ಬಲ್ಲವರು ನಾಲ್ಕು ಜನ ಒಟ್ಟಿಗೆ ಕೂತು ಹರಟಿದರೆ ಅದೇ ಒಂದು ಮನರಂಜನೆ ಎಂಬುದು ಆಗಲೇ ಖಾತ್ರಿಯಾಗಿತ್ತು.

ಅದಕ್ಕೆ ಟಿವಿಯಲ್ಲಿ ರೂಪ ಕೊಟ್ಟವರು ನಿರ್ಮಾಪಕರಾದ ಮಾರ್ಕ್ ಗುಡ್‌ಸನ್ ಮತ್ತು ಬಿಲ್ ಟಾಡ್‌ಮನ್. 1950ರ ಫೆಬ್ರವರಿ 2ರಂದು ‘ವಾಟ್ಸ್ ಮೈ ಲೈನ್?’ ಆರಂಭವಾಯಿತು. ಸಾಮಾನ್ಯರೊಬ್ಬರು ಬಂದು ಕೂರುತ್ತಾರೆ, ಅವರ ಕಸುಬೇನೆಂದು ಪ್ಯಾನೆಲ್ ಊಹಿಸಬೇಕು. ‘ಅಲ್ಲ’ ಎಂಬ ಒಂದೊಂದು ಉತ್ತರಕ್ಕೂ ಅವರಿಗೆ 5 ಡಾಲರ್. ಹತ್ತು ‘ಅಲ್ಲ’ ಆದರೆ ಆಟ ಮುಗಿಯಿತು, 50 ಡಾಲರ್ ಕೈಗೆ. ಕಂತಿನ ಕೊನೆಗೆ ಬರುವವರು ನಿಗೂಢ ಅತಿಥಿ, ಅಂದರೆ ಮುಖ ಕಂಡರೆ ಸಾಕು ಇಡೀ ದೇಶ ಗುರುತಿಸುವಂಥ ವ್ಯಕ್ತಿ. ಪ್ಯಾನೆಲಿನವರ ಕಣ್ಣಿಗೆ ಪಟ್ಟಿ ಬೀಳುತ್ತಿದ್ದದ್ದು ಆಗ. ಮೊದಲ ನಿಗೂಢ ಅತಿಥಿ ಯಾಂಕೀಸ್ ತಂಡದ ಬೇಸ್‌ಬಾಲ್ ಆಟಗಾರ ಫಿಲ್ ರಿಜೂಟೊ. ಆಮೇಲೆ ಎಲೀನರ್ ರೂಸ್‌ವೆಲ್ಟ್, ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್, ವಾಲ್ಟ್ ಡಿಸ್ನಿ, ಆಲ್‌ಫ್ರೆಡ್ ಹಿಚ್‌ಕಾಕ್, ಎಲಿಜಬೆತ್ ಟೇಲರ್ ಎಲ್ಲರೂ ಆ ಹಲಗೆಯ ಮೇಲೆ ಸಹಿ ಹಾಕಿದರು. ಗುರುತು ಸಿಗದಿರಲೆಂದು ಒಬ್ಬರು ಕೀರಲು ದನಿ ತೆಗೆದರೆ, ಇನ್ನೊಬ್ಬರು ಗೊಗ್ಗರು ದನಿ ಮಾಡಿ ಉತ್ತರಿಸುತ್ತಿದ್ದರು.

ಅತಿಥಿಗಳಷ್ಟೇ ಮುಖ್ಯರಾದವರು ಪ್ರಶ್ನೆ ಕೇಳುತ್ತಿದ್ದವರು. ಪತ್ರಿಕಾ ಅಂಕಣಕಾರ್ತಿ ಡೊರೊಥಿ ಕಿಲ್‌ಗ್ಯಾಲನ್, ನಟಿ ಆರ್ಲೀನ್ ಫ್ರಾನ್ಸಿಸ್, ರ್ಯಾಂಡಮ್ ಹೌಸ್ ಪ್ರಕಾಶನದ ಸ್ಥಾಪಕರಲ್ಲೊಬ್ಬರಾದ ಬೆನೆಟ್ ಸರ್ಫ್ ಖಾಯಂ ಮುಖಗಳು. ಗಂಡಸರು ಕರಿ ಸೂಟು, ಬೋ ಟೈಗಳಲ್ಲಿ, ಹೆಂಗಸರು ಔತಣಕ್ಕೆ ಹೊರಟಂಥ ಗೌನುಗಳಲ್ಲಿ ಬರುತ್ತಿದ್ದರು. ಡೇಲಿ ಸುದ್ದಿಮನೆಯ ಮನುಷ್ಯ. 1941ರಲ್ಲಿ ಪರ್ಲ್ ಹಾರ್ಬರ್ ಮೇಲಿನ ದಾಳಿಯನ್ನು ರೇಡಿಯೊದಲ್ಲಿ ದೇಶಕ್ಕೆ ತಿಳಿಸಿದ ದನಿ ಅವರದು. ಅಂಥವರು 50 ಡಾಲರಿನ ಆಟವನ್ನು ಸಂಸತ್ತಿನ ಕಲಾಪದಷ್ಟು ಗಂಭೀರವಾಗಿ ನಡೆಸುತ್ತಿದ್ದದ್ದೇ ಒಂದು ತಮಾಷೆ. ಕಸುಬಿಗೆ ಸಂಬಂಧಪಟ್ಟ ವಸ್ತುವಿನ ಗಾತ್ರ ತಿಳಿಯಲು ಸ್ಟೀವ್ ಆ್ಯಲನ್, ಅದು ಬ್ರೆಡ್ ಡಬ್ಬಿಗಿಂತ ದೊಡ್ಡದೇ ಎಂದು ಕೇಳಿದ್ದು ಅಮೆರಿಕನ್ನರ ಬಾಯಲ್ಲಿ ನಿತ್ಯದ ಮಾತಾಗಿಬಿಟ್ಟಿತು.

1952ರಲ್ಲಿ ಇದೇ ನಿರ್ಮಾಪಕರ ‘ಐವ್ ಗಾಟ್ ಎ ಸೀಕ್ರೆಟ್’ ಬಂತು. ಇಲ್ಲಿ ಪತ್ತೆ ಮಾಡಬೇಕಾದದ್ದು ಕಸುಬನ್ನಲ್ಲ, ಗುಟ್ಟನ್ನು. ಪ್ರಸಿದ್ಧರಲ್ಲದವರೂ ಒಂದು ಗುಟ್ಟಿನ ಬಲದಿಂದ ಹತ್ತು ನಿಮಿಷ ತಾರೆಯಾಗಬಹುದಿತ್ತು.

1956ರ ಫೆಬ್ರವರಿಯಲ್ಲಿ ಬಂದ ಸ್ಯಾಮ್ಯುಯೆಲ್ ಸೀಮೋರ್ ಅಂಥವರು. ವಯಸ್ಸು 95. ನ್ಯೂಯಾರ್ಕಿಗೆ ಬಂದವರು ಹೋಟೆಲಿನಲ್ಲಿ ಬಿದ್ದು ಕಣ್ಣಿನ ಬಳಿ ಊದಿಕೊಂಡಿತ್ತು, ಆದರೂ ಬಂದಿದ್ದರು. 1865ರಲ್ಲಿ ಐದು ವರ್ಷದ ಹುಡುಗನಾಗಿ ಫೋರ್ಡ್ಸ್ ರಂಗಮಂದಿರದಲ್ಲಿ ಕೂತು ಅಬ್ರಹಾಂ ಲಿಂಕನ್ ಹತ್ಯೆಯನ್ನು ಕಂಡಿದ್ದರೆಂಬುದೇ ಅವರ ಗುಟ್ಟು. ಪ್ಯಾನೆಲಿನ ಜೇನ್ ಮೆಡೋಸ್ ಅದನ್ನು ಬಿಡಿಸಿದರು. ಗುಟ್ಟು ರಟ್ಟಾದರೂ ನಿರೂಪಕ ಗ್ಯಾರಿ ಮೂರ್ 80 ಡಾಲರ್ ಬಹುಮಾನವನ್ನು ಪೂರ್ತಿ ಕೊಟ್ಟರು. ಪ್ರಾಯೋಜಕರ ವಿನ್‌ಸ್ಟನ್ ಸಿಗರೇಟನ್ನು ಅತಿಥಿಗಳಿಗೆ ಕೊಡುವುದು ರೂಢಿ. ಅಜ್ಜ ಪೈಪು ಸೇದುವವರಾದ್ದರಿಂದ ಪೈಪಿನ ತಂಬಾಕಿನ ಡಬ್ಬಿ ಕೊಟ್ಟು ಕಳಿಸಿದರು. ಎರಡು ತಿಂಗಳಲ್ಲಿ ಸೀಮೋರ್ ತೀರಿಕೊಂಡರು. ಲಿಂಕನ್ ಹತ್ಯೆಯನ್ನು ಕಂಡವರಲ್ಲಿ ಬದುಕುಳಿದಿದ್ದ ಕೊನೆಯ ವ್ಯಕ್ತಿ ಟಿವಿಯ ಒಂದು ಆಟದಲ್ಲಿ ದಾಖಲಾದದ್ದು ಹೀಗೆ. 1960ರಲ್ಲಿ ಸಂಗೀತಗಾರ ಜಾನ್ ಕೇಜ್ ಇದೇ ವೇದಿಕೆಯಲ್ಲಿ ನೀರಿನ ತೊಟ್ಟಿ, ಪ್ರೆಷರ್ ಕುಕ್ಕರ್‌ಗಳನ್ನಿಟ್ಟುಕೊಂಡು ತಮ್ಮ ‘ವಾಟರ್ ವಾಕ್’ ನುಡಿಸಿದರು. ಸಭಿಕರು ನಕ್ಕರು. ಕೇಜ್ ಬೇಸರಪಟ್ಟುಕೊಳ್ಳಲಿಲ್ಲ.

ಇದೇ ಹೊತ್ತಿಗೆ ಪಕ್ಕದ ಓಣಿಯಲ್ಲಿ ದೊಡ್ಡ ದುಡ್ಡಿನ ರಸಪ್ರಶ್ನೆಗಳು ಎದ್ದಿದ್ದವು. 1955ರಲ್ಲಿ ‘64,000 ಡಾಲರ್ ಪ್ರಶ್ನೆ’ ಶುರುವಾಯಿತು. ‘ಟ್ವೆಂಟಿ-ಒನ್’ ಆಟದಲ್ಲಿ ಕಾಲೇಜು ಅಧ್ಯಾಪಕ ಚಾರ್ಲ್ಸ್ ವ್ಯಾನ್ ಡೋರೆನ್ 1,29,000 ಡಾಲರ್ ಗೆದ್ದು ಮನೆಮಾತಾದರು. ಉತ್ತರಗಳನ್ನು ಮೊದಲೇ ಹೇಳಿಕೊಟ್ಟಿದ್ದರೆಂದು ಅವರು ಒಪ್ಪಿಕೊಂಡದ್ದು 1959ರಲ್ಲಿ, ಸಂಸತ್ತಿನ ಉಪಸಮಿತಿಯ ಮುಂದೆ. ಮರುವರ್ಷ ಅಂಥ ಮೋಸದಾಟದ ವಿರುದ್ಧ ಕಾನೂನೇ ಬಂತು. ದೊಡ್ಡ ಬಹುಮಾನದ ಆಟಗಳು ಸಾಲಾಗಿ ಮಗುಚಿಕೊಂಡಾಗ ಪ್ಯಾನೆಲ್ ಆಟಗಳಿಗೆ ಏನೂ ಆಗಲಿಲ್ಲ. 50 ಡಾಲರಿಗಾಗಿ ಯಾರು ಮೋಸ ಮಾಡಿಯಾರು? ಪಣ ಚಿಕ್ಕದಿದ್ದುದರಿಂದಲೇ ಅಲ್ಲಿ ಸೋಲಿಗೆ ಯಾರೂ ಹೆದರಬೇಕಿರಲಿಲ್ಲ, ಹೆಸರಿದ್ದವರು ಹುಡುಗಾಟವಾಡಲು ಹಿಂಜರಿಯಬೇಕಿರಲಿಲ್ಲ.

1961ರ ಅಕ್ಟೋಬರಿನಲ್ಲಿ ಬಂದ ‘ಪಾಸ್‌ವರ್ಡ್’ ಆಟಕ್ಕೆ ಇನ್ನೊಂದು ತಿರುವು ಕೊಟ್ಟಿತು. ಒಬ್ಬ ತಾರೆ, ಒಬ್ಬ ಸಾಮಾನ್ಯ ಸ್ಪರ್ಧಿ ಸೇರಿ ಒಂದು ಜೋಡಿ. ಒಂದೇ ಪದದ ಸುಳಿವು ಕೊಟ್ಟು ಜೊತೆಗಾರನ ಬಾಯಿಂದ ಗುಪ್ತಪದ ಹೊರಡಿಸಬೇಕು. ಅದುವರೆಗೆ ಎದುರಿಗೆ ಕೂರುತ್ತಿದ್ದ ತಾರೆ ಈಗ ಪಕ್ಕಕ್ಕೆ ಬಂದು ಕೂತಂತಾಯಿತು. ತಪ್ಪು ಸುಳಿವು ಕೊಟ್ಟು ಪಾಪ ಯಾರದೋ ದುಡ್ಡು ಕಳೆದೆನೆಂದು ಸಿನಿಮಾ ನಟ ಕೈ ಹಿಸುಕಿಕೊಳ್ಳುವುದನ್ನು ಜನ ಕಂಡರು. ಆರಂಭದ ವಾರಗಳಲ್ಲೇ ಅತಿಥಿಯಾಗಿ ಬಂದ ನಟಿ ಬೆಟ್ಟಿ ವೈಟ್ ಆಟದಲ್ಲಿ ಎಷ್ಟು ಚುರುಕಾಗಿದ್ದರೆಂದರೆ ಮತ್ತೆ ಮತ್ತೆ ಕರೆ ಬಂತು. ನಿರೂಪಕ ಆ್ಯಲನ್ ಲಡನ್ ಅವರನ್ನು 1963ರಲ್ಲಿ ಮದುವೆಯೂ ಆದರು. ಆಟಗಳ ನಂಟು ಅವರನ್ನು ಬಿಡಲಿಲ್ಲ. 1983ರಲ್ಲಿ ಆಟದ ಕಾರ್ಯಕ್ರಮದ ನಿರೂಪಣೆಗೆ ಡೇಟೈಮ್ ಎಮ್ಮಿ ಪಡೆದ ಮೊದಲ ಮಹಿಳೆಯಾದರು.

ಅರವತ್ತರ ದಶಕದ ನಡುವಿನ ಹೊತ್ತಿಗೆ ನೇರ ಪ್ರಸಾರದ, ಗೌನು-ಸೂಟುಗಳ ಕಾಲ ಮುಗಿಯುತ್ತ ಬಂದಿತ್ತು. 1965ರ ನವೆಂಬರ್ 7ರ ಭಾನುವಾರ ಎಂದಿನಂತೆ ‘ವಾಟ್ಸ್ ಮೈ ಲೈನ್?’ ಆಡಿ ಮನೆಗೆ ಹೋದ ಕಿಲ್‌ಗ್ಯಾಲನ್ ಮರುದಿನ ತೀರಿಕೊಂಡರು. ಅವರ ಜಾಗಕ್ಕೆ ಖಾಯಮ್ಮಾಗಿ ಯಾರನ್ನೂ ತರಲಿಲ್ಲ. 1967ರ ಸೆಪ್ಟೆಂಬರ್ 3ರ ಕೊನೆಯ ಕಂತಿನಲ್ಲಿ ನಿಗೂಢ ಅತಿಥಿಯಾಗಿ ಕೂತವರು ಸ್ವತಃ ಡೇಲಿ.

ಮುಂದಿನದು ಹಾಲಿವುಡ್ಡಿನ ಯುಗ. 1966ರಲ್ಲಿ ಎನ್‌ಬಿಸಿ ಶುರು ಮಾಡಿದ ‘ಹಾಲಿವುಡ್ ಸ್ಕ್ವೇರ್ಸ್’ ಒಂಬತ್ತು ತಾರೆಯರನ್ನು ಮೂರಂತಸ್ತಿನ ಒಂಬತ್ತು ಚೌಕಗಳಲ್ಲಿ ಕೂರಿಸಿತು. ಪ್ರಶ್ನೆಗೆ ತಾರೆ ಉತ್ತರ ಹೇಳಿದರೆ ಅದು ಸರಿಯೋ ಬುರುಡೆಯೋ ಎಂದು ಸ್ಪರ್ಧಿ ನಿರ್ಧರಿಸಬೇಕು. ನಡುವಿನ ಚೌಕದಲ್ಲಿ ಖಾಯಂ ಆದ ಪಾಲ್ ಲಿಂಡ್ ಮೊದಲು ಒಂದು ಹಾಸ್ಯದ ಉತ್ತರ ಎಸೆದು, ನಗು ನಿಂತ ಮೇಲೆ ನಿಜದ ಉತ್ತರ ಹೇಳುತ್ತಿದ್ದರು. ಆ ಚಟಾಕಿಗಳಲ್ಲಿ ಬಹುಪಾಲು ಬರಹಗಾರರು ಮೊದಲೇ ಬರೆದುಕೊಟ್ಟವು. ತಾರೆಯರಿಗೆ ಮುಂಚೆ ಸುಳಿವು ಕೊಟ್ಟಿರಬಹುದೆಂಬ ಪ್ರಕಟಣೆಯೂ ಕಾರ್ಯಕ್ರಮದಲ್ಲೇ ಇರುತ್ತಿತ್ತು. ಪ್ಯಾನೆಲ್ ಆಟ ಬುದ್ಧಿಯ ಮೊಗಸಾಲೆಯಿಂದ ಹಾಸ್ಯದ ಅಂಗಳಕ್ಕೆ ಇಳಿದದ್ದು ಇಲ್ಲಿ. ಒಂದೂ ಜೋಕು ಹೇಳದೆ ನೇರ ಮುಖದಲ್ಲಿ ಪ್ರಶ್ನೆ ಓದುತ್ತಿದ್ದ ಪೀಟರ್ ಮಾರ್ಷಲ್ 1981ರವರೆಗೂ ಇದನ್ನು ನಡೆಸಿದರು.

ಆ ಅಂಗಳ ಹಬ್ಬದ ಮನೆಯಾದದ್ದು 1973ರ ಜುಲೈಯಲ್ಲಿ. ಸಿಬಿಎಸ್‌ನ ‘ಮ್ಯಾಚ್ ಗೇಮ್’ ಆಟದ ನಿಯಮ ಎರಡು ಸಾಲಿನಲ್ಲಿ ಮುಗಿಯುತ್ತದೆ. ಬಿಟ್ಟ ಸ್ಥಳ ತುಂಬಬೇಕು. ಸ್ಪರ್ಧಿ ಹೇಳಿದ ಪದವನ್ನೇ ಆರು ತಾರೆಯರಲ್ಲಿ ಎಷ್ಟು ಮಂದಿ ಕಾರ್ಡಿನ ಮೇಲೆ ಬರೆದಿದ್ದಾರೋ ಅಷ್ಟು ಅಂಕ. ಪ್ರಶ್ನೆಯೋ, ಎಷ್ಟೋ ಸಲ ದಡ್ಡಿ ಡೋರಾ ಎಂಬ ಕಲ್ಪಿತ ಹೆಣ್ಣಿನ ದಡ್ಡತನದ ಬಗ್ಗೆ. ನಿರೂಪಕ ಜೀನ್ ರೇಬರ್ನ್ ಉದ್ದ ಕಡ್ಡಿಯಂಥ ಮೈಕು ಹಿಡಿದು ಓದಲು ಶುರು ಮಾಡಿದರೆ ಸಭಿಕರೆಲ್ಲ ಒಕ್ಕೊರಲಿನಿಂದ ಕೂಗಿ ಸಾಥ್ ಕೊಡುತ್ತಿದ್ದರು.

ಇಲ್ಲಿನ ಖಾಯಂ ಮೂವರು ಬ್ರೆಟ್ ಸೋಮರ್ಸ್, ಚಾರ್ಲ್ಸ್ ನೆಲ್ಸನ್ ರೈಲಿ ಮತ್ತು ರಿಚರ್ಡ್ ಡಾಸನ್. ಮೊದಲ ವಾರ ಬಂದ ನಟ ಜಾಕ್ ಕ್ಲಗ್‌ಮನ್ ತಮ್ಮ ಪತ್ನಿಯನ್ನೂ ಕರೆಯಿರಿ ಎಂದು ಸೂಚಿಸಿದರು. ಆ ಪತ್ನಿಯೇ ಸೋಮರ್ಸ್. ಕೊನೆಗೆ ಉಳಿದುಕೊಂಡದ್ದು ಅವರೇ. ಮೇಲಿನ ಸಾಲಿನಲ್ಲಿ ರೈಲಿ ಮತ್ತು ಸೋಮರ್ಸ್ ಅವರ ಜಗಳ ನೋಡಲೆಂದೇ ಜನ ಟಿವಿ ಹಾಕುತ್ತಿದ್ದರು. ಒಂದೇ ವಾರಾಂತ್ಯದಲ್ಲಿ ಎರಡು ವಾರಕ್ಕಾಗುವಷ್ಟು ಕಂತುಗಳ ಚಿತ್ರೀಕರಣ ಮುಗಿಸುತ್ತಿದ್ದರು. ನಡುವಿನ ಊಟದ ವಿರಾಮದಲ್ಲಿ ಮದ್ಯವೂ ಇರುತ್ತಿದ್ದುದರಿಂದ ಆಮೇಲಿನ ಕಂತುಗಳ ಗದ್ದಲದ ಕಳೆಯೇ ಬೇರೆ. ಡಾಸನ್ ಮಾತ್ರ ಆಟವನ್ನು ಆಟವೆಂದೇ ಆಡಿದವರು. ಕೊನೆಯ ಸುತ್ತಿನಲ್ಲಿ ದೊಡ್ಡ ಮೊತ್ತಕ್ಕೆ ಸ್ಪರ್ಧಿಗಳು ಮತ್ತೆ ಮತ್ತೆ ಅವರನ್ನೇ ಆರಿಸುತ್ತಿದ್ದರು. 1978ರಲ್ಲಿ ಆ ಆಯ್ಕೆಯನ್ನು ತಿರುಗುವ ಚಕ್ರಕ್ಕೆ ಬಿಟ್ಟರು. ‘ಫ್ಯಾಮಿಲಿ ಫ್ಯೂಡ್’ ನಿರೂಪಣೆಯಲ್ಲಿ ಆಗಲೇ ಹೆಸರು ಮಾಡಿದ್ದ ಡಾಸನ್ ಸ್ವಲ್ಪ ದಿನದಲ್ಲೇ ಎದ್ದು ಹೋದರು, ಆಟ ಸೊರಗಿತು.

ಬ್ರಿಟನ್ ಈ ಆಟಗಳನ್ನು ತನ್ನ ಜಾಯಮಾನಕ್ಕೆ ಒಗ್ಗಿಸಿಕೊಂಡಿತು. 1951ರಲ್ಲಿ ಬಿಬಿಸಿಗೆ ಬಂದ ‘ವಾಟ್ಸ್ ಮೈ ಲೈನ್?’ ಪ್ಯಾನೆಲಿನ ಗಿಲ್ಬರ್ಟ್ ಹಾರ್ಡಿಂಗ್ ಸಿಡುಕಿಗೇ ಹೆಸರಾದರು. ಯಾವಾಗ ಯಾರ ಮೇಲೆ ಹರಿಹಾಯುತ್ತಾರೋ ಎಂದು ದೇಶವೇ ಕಾಯುತ್ತಿತ್ತು. 1960ರಲ್ಲಿ ‘ಫೇಸ್ ಟು ಫೇಸ್’ ಸಂದರ್ಶನದಲ್ಲಿ ಸಾವಿನ ಮಾತು ಬಂದಾಗ ಇದೇ ಹಾರ್ಡಿಂಗ್ ಕಣ್ಣೀರಾದರು. ಅದೇ ವರ್ಷ ನವೆಂಬರಿನಲ್ಲಿ ತೀರಿಕೊಂಡರು. 1979ರಲ್ಲಿ ‘ಮ್ಯಾಚ್ ಗೇಮ್’ ಅಲ್ಲಿ ‘ಬ್ಲ್ಯಾಂಕೆಟಿ ಬ್ಲ್ಯಾಂಕ್’ ಆಯಿತು. ಮೊದಲು ಟೆರಿ ವೋಗನ್, ಆಮೇಲೆ ಲೆಸ್ ಡಾಸನ್ ನಡೆಸಿದ ಆ ಆಟದಲ್ಲಿ ಬಹುಮಾನಗಳು ಎಷ್ಟು ಕಳಪೆ ಎಂಬುದನ್ನು ನಿರೂಪಕರೇ ಆಡಿಕೊಳ್ಳುತ್ತಿದ್ದರು. ಸೋತವರಿಗೆ ಸಿಗುತ್ತಿದ್ದ ಚೆಕ್‌ಬುಕ್ ಮತ್ತು ಪೆನ್ನು ಅಲ್ಲಿನವರಿಗೆ ಇಂದಿಗೂ ನಗೆಯ ವಸ್ತು.

ಈ ನೆನಪೆಲ್ಲ ಬಂಗಾರವೇನಲ್ಲ. ‘ವಾಟ್ಸ್ ಮೈ ಲೈನ್?’ ಆರಂಭದ ಪ್ಯಾನೆಲಿನಲ್ಲಿದ್ದ ಕವಿ ಲೂಯಿ ಅಂಟರ್‌ಮೇಯರ್ ಅವರನ್ನು ಎಡಪಂಥೀಯರೆಂಬ ಆರೋಪದ ಮೇಲೆ ಕಪ್ಪುಪಟ್ಟಿಯ ಒತ್ತಡಕ್ಕೆ ಮಣಿದು 1951ರಲ್ಲಿ ಕೈಬಿಟ್ಟರು. ಆ ಕಾಲದ ಖಾಯಂ ಕುರ್ಚಿಗಳಲ್ಲಿ ಕರಿಯರು ಕಾಣುವುದಿಲ್ಲವೆಂದೇ ಹೇಳಬೇಕು. ಹೆಂಗಸರ ಮೈಕಟ್ಟೇ ‘ಮ್ಯಾಚ್ ಗೇಮ್’ ಹಾಸ್ಯದ ದೊಡ್ಡ ಬಂಡವಾಳ. ಲಿಂಡ್ ಮತ್ತು ರೈಲಿ ಸಲಿಂಗಿಗಳೆಂಬುದನ್ನು ಕಣ್ಣುಮಿಟುಕಿಸಿ ಸೂಚಿಸಬಹುದಿತ್ತೇ ಹೊರತು ಬಾಯಿಬಿಟ್ಟು ಹೇಳುವಂತಿರಲಿಲ್ಲ.

ನೆನಪು ಉಳಿದದ್ದೂ ಅದೃಷ್ಟದಿಂದಲೇ. ತನ್ನ ಕಂತುಗಳ ಫಿಲ್ಮನ್ನು ಸಿಬಿಎಸ್ ನಾಶ ಮಾಡುತ್ತಿದೆಯೆಂದು 1952ರಲ್ಲಿ ಗೊತ್ತಾದಾಗ ಗುಡ್‌ಸನ್ ಮತ್ತು ಟಾಡ್‌ಮನ್ ತಾವೇ ದುಡ್ಡು ಕೊಟ್ಟು ಉಳಿಸಿಕೊಳ್ಳತೊಡಗಿದರು. ಎನ್‌ಬಿಸಿಯಲ್ಲಿ 1962ರಿಂದ 1969ರವರೆಗೆ ನಡೆದ ಮೊದಲ ‘ಮ್ಯಾಚ್ ಗೇಮ್’ಗೆ ಆ ಭಾಗ್ಯವಿರಲಿಲ್ಲ. ಅದರಲ್ಲಿ ಸಿಕ್ಕಿರುವುದು ಬೆರಳೆಣಿಕೆಯ ಕಂತುಗಳು. 1994ರಲ್ಲಿ ಗೇಮ್ ಶೋ ನೆಟ್‌ವರ್ಕ್, 2015ರಲ್ಲಿ ಬಝರ್ ವಾಹಿನಿ ಹಳೆಯ ದಾಸ್ತಾನನ್ನು ಬಿಚ್ಚಿದ ಮೇಲೆ, ಹುಟ್ಟುವ ಮೊದಲೇ ಮುಗಿದಿದ್ದ ಆಟಗಳಿಗೆ ಹೊಸ ತಲೆಮಾರು ಮರುಳಾಯಿತು.

ಮರುಹುಟ್ಟುಗಳಿಗೂ ಬರವಿಲ್ಲ. 2016ರಲ್ಲಿ ಅಲೆಕ್ ಬಾಲ್ಡ್‌ವಿನ್ ‘ಮ್ಯಾಚ್ ಗೇಮ್’ ನಡೆಸಿದರು. 2022ರಲ್ಲಿ ‘ಪಾಸ್‌ವರ್ಡ್’, 2025ರಲ್ಲಿ ‘ಹಾಲಿವುಡ್ ಸ್ಕ್ವೇರ್ಸ್’ ಮರಳಿದವು. ತಾರೆಯರು ಬರುತ್ತಾರೆ, ನಗಿಸಿ ಹೋಗುತ್ತಾರೆ. ವಾರ ವಾರವೂ ಅದೇ ಕುರ್ಚಿಯಲ್ಲಿ ಕೂತು, ಒಬ್ಬರನ್ನೊಬ್ಬರು ಅರಿತು, ಬಂದ ಅತಿಥಿಯನ್ನು ಮನೆಯವರಂತೆ ಎದುರುಗೊಳ್ಳುವ ಖಾಯಂ ಪ್ಯಾನೆಲ್ ಮಾತ್ರ ಇಲ್ಲ. ಆ ಪದ್ಧತಿ ಇಂದಿಗೂ ಗಟ್ಟಿಯಾಗಿ ಉಳಿದಿರುವುದು ಬ್ರಿಟನ್ನಿನಲ್ಲಿ. 1990ರಲ್ಲಿ ಶುರುವಾದ ‘ಹ್ಯಾವ್ ಐ ಗಾಟ್ ನ್ಯೂಸ್ ಫಾರ್ ಯು’ನಲ್ಲಿ ಇಯಾನ್ ಹಿಸ್ಲಪ್ ಮತ್ತು ಪಾಲ್ ಮರ್ಟನ್ ಅಂದಿನ ಕುರ್ಚಿಗಳಲ್ಲೇ ಈಗಲೂ ಕೂರುತ್ತಾರೆ. ಹಳೆಯ ಆಟಗಳನ್ನು ಎತ್ತಿ ಹಿಡಿದದ್ದು ಅತಿಥಿಗಳ ಹೆಸರಿಗಿಂತ ಹೆಚ್ಚಾಗಿ ಈ ಖಾಯಂ ಮೇಜು ಮತ್ತು ಚಿಕ್ಕ ಪಣ. ಅವೆರಡನ್ನೂ ಬಿಟ್ಟು ಬರೀ ತಾರೆಯರನ್ನು ಕರೆತಂದರೆ ಹಳೆಯ ರುಚಿ ಬಾರದು. ಅನುಮಾನವಿದ್ದವರು ಸೀಮೋರ್ ಅಜ್ಜನ ಕಂತನ್ನು ಯೂಟ್ಯೂಬಿನಲ್ಲಿ ಒಮ್ಮೆ ನೋಡಿ, ಆಮೇಲೆ ಇತ್ತೀಚಿನ ಯಾವುದಾದರೂ ಮರುಹುಟ್ಟನ್ನು ನೋಡಲಿ.