ವೇಗ ಹೇಳುವ ಮೂಲ: ಧೂಮಕೇತುಗಳ ಶಕ್ತಿ ಲೆಕ್ಕ ಬೆಳೆದ ಬಗೆ

ನದೀಮೂಲ, ಋಷಿಮೂಲ ಕೇಳಬಾರದು ಎಂಬ ಮಾತಿದೆ. ಧೂಮಕೇತುವಿನ ಮೂಲವನ್ನು ಮಾತ್ರ ಧಾರಾಳವಾಗಿ ಕೇಳಬಹುದು. ಸೂರ್ಯನಿಂದ ಎಷ್ಟು ದೂರದಲ್ಲಿದ್ದಾಗ ಅದು ಎಷ್ಟು ವೇಗವಾಗಿ ಓಡುತ್ತಿತ್ತು ಎಂಬುದು ಗೊತ್ತಾದರೆ ಉತ್ತರ ಸಿಗುತ್ತದೆ. ದೂರದಿಂದ ವೇಗವನ್ನು ತಿಳಿಯುವ ಸುಲಭ ದಾರಿಯಾಗಿ ಬಂದ ಶಕ್ತಿ ಸಂರಕ್ಷಣೆಯ ಲೆಕ್ಕ ಕಾಲಕ್ರಮದಲ್ಲಿ ತಿರುವುಮುರುವಾಗಿ, ವೇಗದಿಂದ ಹುಟ್ಟೂರನ್ನು ಪತ್ತೆಹಚ್ಚುವ ಸಾಧನವಾಯಿತು.

ಲೆಕ್ಕದ ತಿರುಳು ಇಷ್ಟೇ. ಧೂಮಕೇತು ಸೂರ್ಯನತ್ತ ಬೀಳುತ್ತಿದ್ದಂತೆ ಅದರ ಪ್ರಚ್ಛನ್ನ ಶಕ್ತಿ ಇಳಿಯುತ್ತದೆ, ಚಲನ ಶಕ್ತಿ ಅಷ್ಟೇ ಏರುತ್ತದೆ. ಎರಡರ ಮೊತ್ತ ಬದಲಾಗುವುದಿಲ್ಲ. ಆ ಮೊತ್ತ ಕಕ್ಷೆಯ ದೀರ್ಘಾಕ್ಷವನ್ನು ಮಾತ್ರ ಅವಲಂಬಿಸಿದೆ. ದೂರವನ್ನು ಖಗೋಳ ಮಾನದಲ್ಲಿ, ಅಂದರೆ ಭೂಮಿ–ಸೂರ್ಯರ ಸರಾಸರಿ ಅಂತರದಲ್ಲಿ, ವೇಗವನ್ನು ಸೆಕೆಂಡಿಗೆ ಇಷ್ಟು ಕಿಲೋಮೀಟರ್ ಎಂದು ಅಳೆದರೆ ಸೂತ್ರ ಹೀಗಾಗುತ್ತದೆ:

ವೇಗದ ವರ್ಗ = 887 × (2 ÷ ದೂರ − 1 ÷ ಅರ್ಧ ದೀರ್ಘಾಕ್ಷ)

ಧೂಮಕೇತುವಿನ ತೂಕ ಇಲ್ಲಿ ಬೇಕಾಗುವುದೇ ಇಲ್ಲ. ಹ್ಯಾಲಿ ಧೂಮಕೇತುವಿನ ಅರ್ಧ ದೀರ್ಘಾಕ್ಷ 17.83 ಖಗೋಳ ಮಾನ. ಸೂರ್ಯನಿಗೆ ಅತಿ ಸಮೀಪದ ಬಿಂದುವಾದ ಪುರರವಿಯಲ್ಲಿ ಅದರ ದೂರ 0.586. 2ನ್ನು 0.586ರಿಂದ ಭಾಗಿಸಿದರೆ 3.413, ಅದರಲ್ಲಿ 0.056 ಕಳೆದರೆ 3.357, 887ರಿಂದ ಗುಣಿಸಿ ವರ್ಗಮೂಲ ತೆಗೆದರೆ ಸೆಕೆಂಡಿಗೆ 54.6 ಕಿ.ಮೀ. ಇನ್ನೊಂದು ತುದಿಯಲ್ಲಿ, ನೆಪ್ಚೂನ್ ಕಕ್ಷೆಗಿಂತಲೂ ಆಚೆ, 35 ಖಗೋಳ ಮಾನದ ಅಪರವಿಯಲ್ಲಿ ಅದೇ ಧೂಮಕೇತು ಸೆಕೆಂಡಿಗೆ 0.9 ಕಿ.ಮೀ.ಗೆ ನಿಧಾನವಾಗುತ್ತದೆ.

ಈ ಸರಳತೆ ಒಂದೇ ಏಟಿಗೆ ಬಂದದ್ದಲ್ಲ. ಗ್ರಹಗಳಿಗೆ ದೀರ್ಘವೃತ್ತ ಕೊಟ್ಟ ಕೆಪ್ಲರ್ ಕೂಡ ಧೂಮಕೇತುಗಳು ಸರಳರೇಖೆಯಲ್ಲಿ ಹಾದುಹೋಗುತ್ತವೆ ಎಂದೇ ನಂಬಿದ್ದ. 1680ರ ಪ್ರಖರ ಧೂಮಕೇತು ಆ ನಂಬಿಕೆಯನ್ನು ಅಲ್ಲಾಡಿಸಿತು. ಜರ್ಮನಿಯ ಪ್ಲೌಯೆನ್ ಊರಿನ ಪಾದ್ರಿ ಡೋರ್ಫೆಲ್, ಅದು ಸೂರ್ಯನನ್ನು ನಾಭಿಯಾಗಿಟ್ಟ ಪರವಲಯದಲ್ಲಿ ಚಲಿಸಿತೆಂದು 1681ರಲ್ಲಿ ಬರೆದ. 1687ರ ‘ಪ್ರಿನ್ಸಿಪಿಯಾ’ದಲ್ಲಿ ನ್ಯೂಟನ್ ಇದಕ್ಕೆ ಗುರುತ್ವದ ಆಧಾರ ಒದಗಿಸಿದ. ಪರವಲಯದಲ್ಲಿ ಸಾಗುವ ಕಾಯದ ವೇಗ, ಅದೇ ದೂರದಲ್ಲಿ ವೃತ್ತಾಕಾರವಾಗಿ ಸುತ್ತುವ ಕಾಯದ ವೇಗದ ವರ್ಗಮೂಲ ಎರಡರಷ್ಟು. ದೀರ್ಘವೃತ್ತದಲ್ಲಿ ಅದಕ್ಕಿಂತ ಕಡಿಮೆ, ಅತಿಪರವಲಯದಲ್ಲಿ ಹೆಚ್ಚು. ಶಕ್ತಿ ಎಂಬ ಪರಿಭಾಷೆಯಿಲ್ಲದೆ, ಬರೀ ರೇಖಾಗಣಿತದಿಂದ ತೆಗೆದ ಫಲಿತಾಂಶವಿದು. ಭೂಮಿಯ ವೇಗ ಸೆಕೆಂಡಿಗೆ 29.8 ಕಿ.ಮೀ.; ಆದ್ದರಿಂದ ಇಷ್ಟೇ ದೂರದಲ್ಲಿ ಪರವಲಯದ ಧೂಮಕೇತುವಿಗೆ 42.1.

ಎಡ್ಮಂಡ್ ಹ್ಯಾಲಿ 1705ರಲ್ಲಿ 24 ಧೂಮಕೇತುಗಳ ಕಕ್ಷೆ ಲೆಕ್ಕ ಹಾಕಿದಾಗ ಎಲ್ಲಕ್ಕೂ ಪರವಲಯವನ್ನೇ ಬಳಸಿದ. ಇಂದಿನ ಮಾತಿನಲ್ಲಿ, ಎಲ್ಲದರ ಒಟ್ಟು ಶಕ್ತಿ ಸೊನ್ನೆ ಎಂದು ಹಿಡಿದ. ಆದರೆ 1531, 1607, 1682ರ ಕಕ್ಷೆಗಳು ಒಂದನ್ನೊಂದು ಹೋಲುತ್ತಿದ್ದವು. ಮರಳಿ ಬರುವ ಕಾಯದ ಶಕ್ತಿ ಸೊನ್ನೆಗಿಂತ ಕಡಿಮೆ ಇರಲೇಬೇಕು. ಅದು 1758ರ ಸುಮಾರಿಗೆ ಮತ್ತೆ ಕಾಣಿಸುತ್ತದೆ ಎಂದ ಹ್ಯಾಲಿ, ಅದನ್ನು ನೋಡಲು ಬದುಕಿರಲಿಲ್ಲ.

ಅಷ್ಟರಲ್ಲಿ, ಸೂತ್ರದಲ್ಲಿರುವ ವೇಗದ ವರ್ಗದ ಸುತ್ತ ಯುರೋಪಿನಲ್ಲಿ ಒಂದು ಜಗಳ ನಡೆದಿತ್ತು. ಚಲನೆಯ ನಿಜವಾದ ಅಳತೆ ವೇಗವಲ್ಲ, ವೇಗದ ವರ್ಗ ಎಂದು ಲೈಬ್ನಿಟ್ಸ್ 1686ರಲ್ಲಿ ವಾದಿಸಿದ್ದ. ಡಚ್ ವಿಜ್ಞಾನಿ ಗ್ರಾವೆಸಾಂಡೆ ಹಿತ್ತಾಳೆ ಗುಂಡುಗಳನ್ನು ಮೆತ್ತನೆಯ ಜೇಡಿಮಣ್ಣಿನ ಮೇಲೆ ಬೀಳಿಸಿ, ಗುಳಿಯ ಗಾತ್ರ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುವುದನ್ನು ತೋರಿಸಿದ. ಫ್ರಾನ್ಸಿನಲ್ಲಿ ಈ ಪಕ್ಷವನ್ನು ಗಟ್ಟಿಯಾಗಿ ಹಿಡಿದವರು ಎಮಿಲಿ ದು ಶಾತಲೆ. ಅವರು ಫ್ರೆಂಚಿಗೆ ತಂದ ‘ಪ್ರಿನ್ಸಿಪಿಯಾ’, ಅವರು ತೀರಿಕೊಂಡ ಹತ್ತು ವರ್ಷಗಳ ಮೇಲೆ, 1759ರಲ್ಲಿ ಪೂರ್ಣವಾಗಿ ಪ್ರಕಟವಾಯಿತು. ಹ್ಯಾಲಿ ಧೂಮಕೇತು ಪುರರವಿ ದಾಟಿದ್ದೂ ಅದೇ ವರ್ಷ. ಆ ಅನುವಾದಕ್ಕೆ ನೆರವಾಗಿದ್ದ ಕ್ಲೆರೋ, ಲಲಾಂಡ್ ಮತ್ತು ನಿಕೋಲ್-ರೆನ್ ಲೆಪೋಟ್ ಜತೆ ತಿಂಗಳುಗಟ್ಟಲೆ ಕುಳಿತು ಹಾಕಿದ ಲೆಕ್ಕದ ಪ್ರಕಾರ, ಗುರುವಿನ ಸೆಳೆತದಿಂದ 518 ದಿನ, ಶನಿಯಿಂದ 100 ದಿನ ಧೂಮಕೇತು ತಡವಾಗಬೇಕಿತ್ತು. ಏಪ್ರಿಲ್ ನಡುವಿಗೆ ಎಂದಿದ್ದರು. ಮಾರ್ಚ್ 13ಕ್ಕೆ ಬಂತು.

ಈ ತಡವೇ ಮುಂದಿನ ಅಧ್ಯಾಯಕ್ಕೆ ಬೀಜ. ಗ್ರಹಗಳು ಧೂಮಕೇತುವಿನ ಶಕ್ತಿಯ ಖಾತೆಗೆ ಜಮಾ ಮಾಡುತ್ತವೆ, ಖರ್ಚೂ ಬರೆಯುತ್ತವೆ. ಲ್ಯಾಂಬರ್ಟ್, ಓಲ್ಬರ್ಸ್, ಗೌಸ್ ಕೆಲವೇ ವೀಕ್ಷಣೆಗಳಿಂದ ಕಕ್ಷೆ ತೆಗೆಯುವ ವಿಧಾನಗಳನ್ನು ಹದಗೊಳಿಸಿದ ಮೇಲೆ, ಕೆಲವು ಧೂಮಕೇತುಗಳ ಶಕ್ತಿ ಸೊನ್ನೆಗಿಂತ ತುಸು ಹೆಚ್ಚಾಗಿ ಕಂಡಿತು. ಅವು ಸೌರವ್ಯೂಹದ ಹೊರಗಿನವೇ? ಸ್ಟ್ರೋಮ್‌ಗ್ರೆನ್ 1914ರಲ್ಲಿ ಗ್ರಹಗಳ ಪ್ರಭಾವವನ್ನು ಹಿಮ್ಮುಖವಾಗಿ ಕಳೆದು ನೋಡಿದಾಗ, ಅವುಗಳ ಮೂಲ ಕಕ್ಷೆಗಳು ದೀರ್ಘವೃತ್ತಗಳೇ ಎಂದು ಹೊರಬಿತ್ತು.

1950ರಲ್ಲಿ ಯಾನ್ ಊರ್ಟ್ ಹೀಗೆ ತಿದ್ದಿದ 19 ಧೂಮಕೇತುಗಳ ಶಕ್ತಿಯನ್ನು ಸಾಲಾಗಿ ಜೋಡಿಸಿದ. ಹೆಚ್ಚಿನವು ಸೊನ್ನೆಯ ಸ್ವಲ್ಪವೇ ಕೆಳಗೆ ಗುಂಪುಗೂಡಿದ್ದವು. ಅವುಗಳ ಮನೆ 50,000ದಿಂದ 1,50,000 ಖಗೋಳ ಮಾನ ದೂರದಲ್ಲಿರಬೇಕು ಎಂದು ಆತ ತರ್ಕಿಸಿದ. ಅದೇ ಊರ್ಟ್ ಮೋಡ. ಈ ಅಳತೆ ಎಷ್ಟು ನಾಜೂಕಿನದೆಂದರೆ, ಅರ್ಧ ದೀರ್ಘಾಕ್ಷ 25,000 ಖಗೋಳ ಮಾನ ಇರುವ ಧೂಮಕೇತು ಭೂಮಿಯಷ್ಟು ದೂರಕ್ಕೆ ಬಂದಾಗ, ಅದರ ವೇಗ ವಿಮೋಚನಾ ವೇಗಕ್ಕಿಂತ, ಅಂದರೆ ಪರವಲಯದ ವೇಗಕ್ಕಿಂತ, ಸೆಕೆಂಡಿಗೆ 42 ಸೆಂಟಿಮೀಟರ್ ಮಾತ್ರ ಕಡಿಮೆ.

ಲೆಕ್ಕ ತಪ್ಪಿಸುವ ಇನ್ನೊಂದು ಕಾರಣವೂ ಅದೇ ವರ್ಷ ಬಯಲಾಯಿತು. ಸುಮಾರು 3.3 ವರ್ಷಕ್ಕೊಮ್ಮೆ ಬರುವ ಎಂಕೆ ಧೂಮಕೇತು ಪ್ರತಿ ಸುತ್ತಿಗೂ ಎರಡೂವರೆ ಗಂಟೆಯಷ್ಟು ಬೇಗ ಬರುತ್ತಿತ್ತು. ಹಿಮಗಟ್ಟಿದ ನ್ಯೂಕ್ಲಿಯಸ್‌ನಿಂದ ಚಿಮ್ಮುವ ಅನಿಲ ರಾಕೆಟ್ಟಿನಂತೆ ತಳ್ಳುತ್ತದೆ ಎಂದು ಫ್ರೆಡ್ ವಿಪ್ಪಲ್ ವಿವರಿಸಿದ. ಅಂದಿನಿಂದ ಶಕ್ತಿಯ ಲೆಕ್ಕದಲ್ಲಿ ಈ ತಳ್ಳುವಿಕೆಗೂ ಒಂದು ಸಾಲು ಮೀಸಲು.

ಯಾವ ತಿದ್ದುಪಡಿಗೂ ಜಗ್ಗದ ಧನ ಶಕ್ತಿ ಸಿಕ್ಕಿದ್ದು ಈಚೆಗೆ. 2019ರಲ್ಲಿ ಗೆನ್ನಾಡಿ ಬೊರಿಸೊವ್ ತಾವೇ ಕಟ್ಟಿದ 65 ಸೆಂ.ಮೀ. ದೂರದರ್ಶಕದಲ್ಲಿ ಕಂಡ ಧೂಮಕೇತು, ಸೂರ್ಯನ ಸೆಳೆತ ಶುರುವಾಗುವ ಮೊದಲೇ ಸೆಕೆಂಡಿಗೆ 32 ಕಿ.ಮೀ. ವೇಗದಲ್ಲಿತ್ತು. 2025ರ ಜುಲೈನಲ್ಲಿ ಸಿಕ್ಕ 3ಐ/ಅಟ್ಲಾಸ್‌ಗೆ ಆ ವೇಗ 58. 1.36 ಖಗೋಳ ಮಾನ ದೂರದ ಪುರರವಿಯಲ್ಲಿ ಅದರ ವೇಗ ತಿಳಿಯಲು ಅದೇ ಸೂತ್ರ ಸಾಕು; ಅರ್ಧ ದೀರ್ಘಾಕ್ಷದ ಪದದ ಬದಲು ಈ ವೇಗದ ವರ್ಗ ಬರುತ್ತದೆ: 58ರ ವರ್ಗಕ್ಕೆ 887 × 2 ÷ 1.36 ಕೂಡಿಸಿ ವರ್ಗಮೂಲ ತೆಗೆದರೆ ಸೆಕೆಂಡಿಗೆ 68 ಕಿ.ಮೀ.

ಆದರೆ ವೇಗ ‘ಇದು ನಮ್ಮದಲ್ಲ’ ಎನ್ನಬಲ್ಲದೇ ಹೊರತು, ಯಾವ ನಕ್ಷತ್ರದ್ದು, ಯಾವುದರಿಂದ ಆಗಿದೆ ಎಂದು ಹೇಳದು. ಅದಕ್ಕೆ ಬೆಳಕನ್ನು ಬಿಡಿಸಿ ನೋಡಬೇಕು. ಬೊರಿಸೊವ್ ಧೂಮಕೇತುವನ್ನು ಹಾಗೆ ನೋಡಿದವುಗಳಲ್ಲಿ, ನಮ್ಮ ಹೊಸಕೋಟೆಯಿಂದ ನಡೆಸುವ ಲಡಾಖಿನ ಹಾನ್ಲೆಯ ದೂರದರ್ಶಕವೂ ಒಂದು. ಒಂದು ಇಡೀ ಮೋಡವನ್ನು ಗುರುತಿಸಲು ಊರ್ಟ್‌ಗೆ 19 ಕಕ್ಷೆಗಳು ಸಾಕಾಗಿದ್ದವು. 2017ರ ಔಮುವಾಮುವಾ ಸೇರಿಸಿದರೂ ಹೊರಗಿನವರ ಪಟ್ಟಿಯಲ್ಲಿರುವ ಹೆಸರು ಮೂರೇ. ಚಿಲಿಯ ವೆರಾ ರೂಬಿನ್ ವೀಕ್ಷಣಾಲಯ ಈ ಪಟ್ಟಿಯನ್ನು ಬೆಳೆಸಿದರೆ, ಧನ ಶಕ್ತಿಯ ಅಂಕಿಗಳನ್ನೂ ಊರ್ಟ್‌ನಂತೆಯೇ ಸಾಲಾಗಿ ಜೋಡಿಸಿ ನೋಡಬಹುದು.